ಸೊಚಿಮಿಲ್ಕೊದ ಕಾಲುವೆಯಲ್ಲಿ ಹಬ್ಬದ ವಿಹಾರ: ದೋಣಿ ಗೊತ್ತುಮಾಡುವುದರಿಂದ ದಡ ಸೇರುವವರೆಗೆ

ಹುಟ್ಟುಹಬ್ಬ, ಪದವಿ ಪಡೆದ ಸಂಭ್ರಮ, ಅಮ್ಮಂದಿರ ದಿನ ಎಂದು ಯಾವ ನೆಪ ಸಿಕ್ಕಿದರೂ ಮೆಕ್ಸಿಕೊ ನಗರದ ಜನ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಹೋಗುವ ಜಾಗಗಳಲ್ಲಿ ನಗರದ ದಕ್ಷಿಣದ ಸೊಚಿಮಿಲ್ಕೊ ಒಂದು. ಅಲ್ಲಿನ ಕಾಲುವೆಗಳಲ್ಲಿ ತ್ರಾಹಿನೇರ ಎಂಬ ಚಪ್ಪಟೆ ತಳದ, ಕಣ್ಣು ಕೋರೈಸುವ ಬಣ್ಣದ ದೋಣಿಯನ್ನು ಗಂಟೆ ಲೆಕ್ಕದಲ್ಲಿ ಗೊತ್ತುಮಾಡಿಕೊಂಡು, ತಂದ ಬುತ್ತಿಯನ್ನು ಅದರ ನಡುವಿನ ಉದ್ದ ಮೇಜಿನ ಮೇಲೆ ಹರಡಿಕೊಂಡು, ಹಾಡು ಕೇಳುತ್ತ ತೇಲುವುದು ಆ ನಗರದವರ ವಾಡಿಕೆ. ಕೆಲಸದ ಮೇಲೋ ಪ್ರವಾಸಕ್ಕೋ ಹೋಗುವ ನಮ್ಮವರೂ ಇದನ್ನು ನೋಡಲೇಬೇಕಾದ ಜಾಗಗಳ ಪಟ್ಟಿಯಲ್ಲಿ ಬರೆದುಕೊಂಡಿರುತ್ತಾರೆ. ಆದರೆ ಯಾವ ಕಟ್ಟೆಯಿಂದ ಹತ್ತಬೇಕು, ಎಷ್ಟು ಹೊತ್ತು ತಿರುಗಬೇಕು, ಎಷ್ಟು ಹಣ ಕೊಡಬೇಕು ಎಂಬ ಮೂರು ಸಂಗತಿಗಳನ್ನು ದೋಣಿಗೆ ಕಾಲಿಡುವ ಮುನ್ನವೇ ತೀರ್ಮಾನಿಸದಿದ್ದರೆ ಸಂಭ್ರಮದ ಅರ್ಧ ಭಾಗ ಚೌಕಾಸಿಯಲ್ಲೇ ಕಳೆದುಹೋಗುತ್ತದೆ.

ಯೋಜನೆ ಹಾಕುವ ಮೊದಲು ಅಲ್ಲಿ ಇರುವುದೇನು ಎಂಬುದನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ದೋಣಿಯವನಿಗೆ ಯಾವ ಕಡೆ ಹೋಗೆಂದು ಹೇಳಬೇಕೆಂಬುದು ಅದರಿಂದಲೇ ಗೊತ್ತಾಗುತ್ತದೆ. ಸೊಚಿಮಿಲ್ಕೊ ಎಂದರೆ ಅಲ್ಲಿನ ಮೂಲನಿವಾಸಿಗಳ ನಾವಾತ್ಲ್ ಭಾಷೆಯಲ್ಲಿ ಹೂವಿನ ಹೊಲಗಳ ಜಾಗ. ಹಿಂದೆ ಇಲ್ಲಿದ್ದ ಆಳವಿಲ್ಲದ ಸರೋವರದಲ್ಲಿ ಗೂಟ ನೆಟ್ಟು, ಜೊಂಡು ಮತ್ತು ಕೆಸರನ್ನು ಪದರ ಪದರವಾಗಿ ಪೇರಿಸಿ, ನೀರಿನ ಮಟ್ಟಕ್ಕಿಂತ ತುಸು ಎತ್ತರದ ಉದ್ದುದ್ದ ಹೊಲಗಳನ್ನು ಜನ ಕಟ್ಟಿಕೊಂಡರು. ಇವೇ ಚಿನಾಂಪಗಳು. ಹೊಲಗಳ ನಡುವೆ ಉಳಿದ ನೀರಿನ ದಾರಿಗಳೇ ಇಂದಿನ ಕಾಲುವೆಗಳು. ಪ್ರವಾಸಿ ಕೈಪಿಡಿಗಳು ಇವನ್ನು ‘ತೇಲುವ ತೋಟ’ ಎಂದು ಕರೆಯುವುದುಂಟು, ಆದರೆ ಅವು ತೇಲುವುದಿಲ್ಲ. ಅಂಚಿನುದ್ದಕ್ಕೂ ಸಾಲಾಗಿ ನಿಂತ ಅಹ್ವೆಹೋತೆ ಎಂಬ ನೀಳ ಮರಗಳ ಬೇರು ಮಣ್ಣನ್ನು ಹಿಡಿದುಕೊಂಡಿರುವುದರಿಂದ ಅವು ಭದ್ರವಾಗಿ ನೆಲಕ್ಕೆ ಕಚ್ಚಿಕೊಂಡಿವೆ. ಇಲ್ಲಿ ಬೆಳೆದ ತರಕಾರಿಯನ್ನೂ ಹೂವನ್ನೂ ನಗರದ ಮಾರುಕಟ್ಟೆಗೆ ಸಾಗಿಸಲು ಬಳಸುತ್ತಿದ್ದ ದೋಣಿಯೇ ತ್ರಾಹಿನೇರ; ಆ ಹೆಸರು ಬಂದದ್ದೂ ಸರಕು ಸಾಗಿಸುವುದು ಎಂಬರ್ಥದ ಸ್ಪ್ಯಾನಿಷ್ ಕ್ರಿಯಾಪದದಿಂದ. 1987ರಲ್ಲಿ ಯುನೆಸ್ಕೊ ಮೆಕ್ಸಿಕೊ ನಗರದ ಹಳೆಯ ಕೇಂದ್ರಭಾಗವನ್ನೂ ಸೊಚಿಮಿಲ್ಕೊವನ್ನೂ ಒಟ್ಟಿಗೆ ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಘೋಷಣೆಗೆ ಕಾರಣವಾದದ್ದು ಈ ಬೇಸಾಯವೇ ಹೊರತು ದೋಣಿಯ ಮೋಜಲ್ಲ.

ದಿನ ಮತ್ತು ಹೊತ್ತು

ಮೊದಲು ದಿನವನ್ನು ಗೊತ್ತುಮಾಡಿಕೊಳ್ಳಬೇಕು. ಜನಜಂಗುಳಿಯೇ ಬೇಕು, ದೋಣಿಗೆ ದೋಣಿ ತಾಗಿ ಕಾಲುವೆ ಕಟ್ಟಿಕೊಂಡು ನಿಂತರೂ ಚಿಂತೆಯಿಲ್ಲ, ಹಾಡು ಕುಣಿತ ಇದ್ದರೆ ಸಾಕು ಎನ್ನುವವರು ಭಾನುವಾರ ಮಧ್ಯಾಹ್ನ ಹೋಗಬಹುದು. ಮಕ್ಕಳನ್ನೋ ವಯಸ್ಸಾದವರನ್ನೋ ಕರೆದುಕೊಂಡು ಹೋಗುವವರು ವಾರದ ನಡುವಿನ ದಿನವನ್ನು, ಸಾಧ್ಯವಾದರೆ ಬೆಳಗಿನ ಹೊತ್ತನ್ನು ಆರಿಸಿಕೊಳ್ಳಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಳೆಗಾಲ, ಮಳೆ ಹೆಚ್ಚಾಗಿ ಸುರಿಯುವುದು ಮಧ್ಯಾಹ್ನದ ಮೇಲೆ. ದೋಣಿಗೆ ಮಾಡು ಇದ್ದರೂ ಗಾಳಿಮಳೆ ಪಕ್ಕದಿಂದ ಬಡಿದರೆ ಯಾರೂ ಒಣಗಿದ ಬಟ್ಟೆಯಲ್ಲಿ ದಡ ಸೇರುವುದಿಲ್ಲ. ಇನ್ನೊಂದು ಮಾತು: ನಗರವಿರುವುದು ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿ, ಅಂದರೆ ಊಟಿಯಷ್ಟು ಎತ್ತರದಲ್ಲಿ. ಗಾಳಿ ತಂಪಾಗಿದೆಯೆಂದು ಟೋಪಿ ಮರೆತವರ ಮುಖ ಸಂಜೆಯ ಹೊತ್ತಿಗೆ ಕೆಂಪೇರಿರುತ್ತದೆ.

ಹಬ್ಬದ ಸೊಗಸನ್ನೇ ನೋಡಬೇಕೆಂದರೆ ವರ್ಷದಲ್ಲಿ ಎರಡು ಕಾಲಗಳು ಪ್ರಶಸ್ತ. ಈಸ್ಟರ್‌ಗೆ ಮುಂಚಿನ ಪವಿತ್ರ ವಾರ ಹತ್ತಿರವಾಗುತ್ತಿರುವಾಗ ‘ಹೊಲದ ಅತಿ ಸುಂದರ ಹೂವು’ ಎಂಬ ಅರ್ಥದ ಹೆಸರಿನ ಉತ್ಸವ ನಡೆಯುತ್ತದೆ. ಸಾಂಪ್ರದಾಯಿಕ ಉಡುಗೆಯ ಯುವತಿಯರ ಸ್ಪರ್ಧೆ ಅದರ ಮುಖ್ಯ ಭಾಗ. ಇನ್ನೊಂದು, ನವೆಂಬರ್ 1 ಮತ್ತು 2ರ ಮೃತರ ದಿನಗಳು. ಆ ಹೊತ್ತಿಗೆ ಚಿನಾಂಪಗಳಲ್ಲಿ ಸೆಂಪಾಸೂಚಿಲ್ ಹೂವು ಅರಳಿ ನಿಂತಿರುತ್ತದೆ. ಹೆಸರು ಹೊಸದಾಗಿ ಕೇಳಿಸಿದರೂ ಹೂವು ನಮಗೆ ಪರಕೀಯವಲ್ಲ, ಅದು ನಮ್ಮ ಆಯುಧಪೂಜೆಯ ಚೆಂಡುಹೂವೇ. ಮೆಕ್ಸಿಕೊ ಅದರ ತವರು, ಅಲ್ಲಿಂದ ಸಮುದ್ರ ದಾಟಿ ಬಂದು ನಮ್ಮ ಬಾಗಿಲ ತೋರಣ ಸೇರಿದೆ. ನಾವು ದೇವರಿಗೂ ವಾಹನಗಳಿಗೂ ಏರಿಸುವ ಹೂವನ್ನು ಅಲ್ಲಿನವರು ಸತ್ತವರ ಆತ್ಮಕ್ಕೆ ದಾರಿ ತೋರಲೆಂದು ಎಸಳು ಬಿಡಿಸಿ ಹರಡುತ್ತಾರೆ. ಇದೇ ಋತುವಿನಲ್ಲಿ ಕ್ವೆಮಾಂಕೊ ಕಡೆಯ ನೀರಿನ ಮೇಲೆ, ಮಕ್ಕಳನ್ನು ಕಳೆದುಕೊಂಡು ಅಳುತ್ತ ಅಲೆಯುವ ಯೊರೋನ ಎಂಬ ಹೆಣ್ಣಿನ ಕಥೆಯನ್ನು ರಾತ್ರಿ ನಾಟಕವಾಗಿ ಆಡುತ್ತಾರೆ. ಅದಕ್ಕೆ ಟಿಕೆಟ್ ಬೇರೆ, ಮುಂಗಡವಾಗಿಯೇ ಕೊಳ್ಳಬೇಕು.

ಕಟ್ಟೆ ಯಾವುದು, ದಾರಿ ಯಾವುದು

ದೋಣಿ ಹತ್ತುವ ಕಟ್ಟೆಗಳು ಒಂದೆರಡಲ್ಲ, ಹತ್ತರ ಆಸುಪಾಸು ಇವೆ. ನುವೆವೊ ನತಿವಿತಾಸ್ ದೊಡ್ಡದು, ದೋಣಿಗಳ ಸಂಖ್ಯೆಯೂ ಗದ್ದಲವೂ ಅಲ್ಲಿ ಹೆಚ್ಚು. ಬೆಲೆನ್, ಸಾಲಿತ್ರೆ, ಫೆರ್ನಾಂದೊ ಸೆಲಾದ ಮುಂತಾದವು ಪಟ್ಟಣದ ಮಧ್ಯಭಾಗಕ್ಕೆ ಹತ್ತಿರ. ಕ್ವೆಮಾಂಕೊ ಮಾತ್ರ ಬೇರೆಯೇ ದಿಕ್ಕಿನಲ್ಲಿ, ನಗರದ ವರ್ತುಲ ರಸ್ತೆಯ ಪಕ್ಕದಲ್ಲಿದೆ. 1968ರ ಒಲಿಂಪಿಕ್ಸ್‌ನ ದೋಣಿ ಸ್ಪರ್ಧೆ ನಡೆದ ನೇರ ಕಾಲುವೆಯೂ ದೊಡ್ಡದೊಂದು ಸಸಿಗಳ ಮಾರುಕಟ್ಟೆಯೂ ಅದರ ನೆರೆಯಲ್ಲಿವೆ. ಸಂತೆಯಂಥ ಕಾಲುವೆ ಬೇಕಾದರೆ ನತಿವಿತಾಸ್, ಹೊಲ, ಹಕ್ಕಿ, ಬೆಳಗಿನ ಮಂಜು ಬೇಕಾದರೆ ಕ್ವೆಮಾಂಕೊ. ನನ್ನನ್ನು ಕೇಳಿದರೆ ಕ್ವೆಮಾಂಕೊ ಎಂದೇ ಹೇಳುತ್ತೇನೆ. ಆದರೆ ಹದಿನೈದು ಜನರ ಹುಟ್ಟುಹಬ್ಬದ ಗುಂಪಿಗೆ ಅಲ್ಲಿನ ಮೌನ ಬೇಸರ ತರಿಸಿದರೆ ಆಶ್ಚರ್ಯವಿಲ್ಲ.

ಪಟ್ಟಣದ ಕಟ್ಟೆಗಳಿಗೆ ಹೋಗುವುದು ಸುಲಭ. ನಗರದ ನಡುವಿನ ಸೊಕಾಲೊ ನಿಲ್ದಾಣದಲ್ಲಿ ಮೆಟ್ರೊದ 2ನೇ ಮಾರ್ಗದ ರೈಲು ಹಿಡಿದು ಕೊನೆಯ ನಿಲ್ದಾಣವಾದ ತಾಸ್ಕೆನ್ಯದಲ್ಲಿ ಇಳಿಯಬೇಕು, ಅಲ್ಲಿಂದ ಲಘು ರೈಲು ಹತ್ತಿ ಅದರ ಕೊನೆಯ ನಿಲ್ದಾಣವಾದ ಸೊಚಿಮಿಲ್ಕೊದಲ್ಲಿ ಇಳಿಯಬೇಕು. ಎರಡಕ್ಕೂ ಒಂದೇ ಕಾರ್ಡ್ ಸಾಕು. ಕಾಯುವ ಸಮಯವೂ ಸೇರಿ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಇಳಿದ ಕೂಡಲೇ ‘ದೋಣಿಯೇ, ಬನ್ನಿ, ನಾನು ತೋರಿಸುತ್ತೇನೆ’ ಎಂದು ಸೈಕಲ್ ಏರಿ ಮುಂದೆ ಮುಂದೆ ಹೋಗುವವರು ಸಿಗುತ್ತಾರೆ. ಅವರ ಹಿಂದೆ ಹೋದರೆ ಅವರ ಪಾಲೂ ನಿಮ್ಮ ಬಾಡಿಗೆಯಲ್ಲೇ ಸೇರುತ್ತದೆ. ದಾರಿಯ ಫಲಕ ನೋಡಿಕೊಂಡು ನಡೆದು ಹೋಗುವುದೇ ವಾಸಿ. ಕ್ವೆಮಾಂಕೊಗೆ ಹೋಗುವವರು ಟ್ಯಾಕ್ಸಿ ಹಿಡಿಯುವುದು ಮೇಲು.

ಬಾಡಿಗೆಯ ಮಾತು

ಇದೇ ಇಡೀ ಯೋಜನೆಯ ಗಂಟು, ಆದ್ದರಿಂದ ಇದನ್ನು ನಿಧಾನವಾಗಿ ಬಿಡಿಸಬೇಕು. ಬಾಡಿಗೆ ದೋಣಿಗೆ, ತಲೆಗಲ್ಲ. ಹದಿನೆಂಟು ಇಪ್ಪತ್ತು ಜನ ಕೂರಬಹುದಾದ ದೋಣಿಯಲ್ಲಿ ನೀವು ಇಬ್ಬರೇ ಕೂತರೂ ಗಂಟೆಯ ದರ ಒಂದೇ. ಹೀಗಾಗಿ ‘ಒಬ್ಬರಿಗೆ ಇಷ್ಟು’ ಎಂದು ಯಾರಾದರೂ ಮಾತು ಆರಂಭಿಸಿದರೆ ಅಲ್ಲೇ ತಡೆದು ‘ದೋಣಿಗೆ ಗಂಟೆಗೆ ಎಷ್ಟು’ ಎಂದು ಕೇಳಬೇಕು. ಆಡಳಿತ ನಿಗದಿಪಡಿಸಿದ ದರದ ಫಲಕ ಕಟ್ಟೆಗಳಲ್ಲಿ ಇರುತ್ತದೆ. 2019ರ ಸುಮಾರಿಗೆ ಗಂಟೆಗೆ 500 ಪೆಸೊ ಇದ್ದದ್ದು ಆಮೇಲೆ 600ಕ್ಕೆ ಏರಿತು, ಹೋಗುವ ದಿನದ ದರವನ್ನು ಫಲಕದಲ್ಲೇ ಓದಿಕೊಳ್ಳಬೇಕು. ನಿಮ್ಮ ಗುಂಪಿನಲ್ಲಿ ಜನ ಕಡಿಮೆಯಿದ್ದರೆ, ವಾರಾಂತ್ಯಗಳಲ್ಲಿ ಮಾತ್ರ ತಲೆ ಲೆಕ್ಕದಲ್ಲಿ ಹತ್ತಿಸಿಕೊಳ್ಳುವ ಹಂಚಿಕೆಯ ದೋಣಿಗಳೂ ಸಿಗುತ್ತವೆ. ಹಣ ನಗದಾಗಿರಲಿ, ಸಣ್ಣ ನೋಟುಗಳಿರಲಿ.

ನಾವು ಮೊದಲ ಸಲ ಹೋದಾಗ ದರವನ್ನು ಸರಿಯಾಗಿಯೇ ಮಾತಾಡಿದ್ದೆವು, ಆದರೆ ಗಂಟೆ ಯಾವಾಗ ಶುರುವಾಗುತ್ತದೆ ಎಂದು ಕೇಳಿರಲಿಲ್ಲ. ಕಟ್ಟೆಯ ಬಳಿ ದೋಣಿಗಳು ಒತ್ತೊತ್ತಾಗಿ ನಿಂತಿದ್ದವು. ನಮ್ಮದನ್ನು ಬಿಡಿಸಿ ಹೊರಗೆ ತರುವುದಕ್ಕೇ ಇಪ್ಪತ್ತು ನಿಮಿಷ ಹಿಡಿಯಿತು, ಅದೂ ಲೆಕ್ಕಕ್ಕೆ ಸೇರಿತು. ಎರಡನೆಯ ಸಲ ಕಟ್ಟೆ ಬಿಟ್ಟ ಕೂಡಲೇ ಅಂಬಿಗನಿಗೆ ಕೈಗಡಿಯಾರ ತೋರಿಸಿ, ತಿರುಗಿ ಬರುವ ಹೊತ್ತನ್ನು ಬಾಯಿಬಿಟ್ಟು ಹೇಳಿಸಿಕೊಂಡೆವು. ಅವರಿಗೂ ಅದರಿಂದ ಬೇಸರವೇನೂ ಆಗಲಿಲ್ಲ.

ಒಂದು ಗಂಟೆ ಏನಕ್ಕೂ ಸಾಲದು, ಗದ್ದಲದ ಕಾಲುವೆ ದಾಟುವಷ್ಟರಲ್ಲೇ ಅದು ಮುಗಿಯುತ್ತದೆ. ಎರಡು ಗಂಟೆ ಕನಿಷ್ಠ. ಮೂರು ಗಂಟೆ ಸಿಕ್ಕರೆ ಒಂದು ಗಂಟೆಯನ್ನಾದರೂ ಬೇಸಾಯ ನಡೆಯುವ ಚಿನಾಂಪಗಳ ಕಡೆಗೆ ಮೀಸಲಿಡಿ ಎಂದು ಹತ್ತುವಾಗಲೇ ಹೇಳಿ. ‘ಗೊಂಬೆಗಳ ದ್ವೀಪ’ಕ್ಕೆ ಹೋಗುವ ಆಸೆ ಹಲವರಿಗೆ ಇರುತ್ತದೆ. ಹೂಲಿಯಾನ್ ಸಾಂತಾನ ಎಂಬಾತ, ನೀರಲ್ಲಿ ಮುಳುಗಿದ ಹುಡುಗಿಯೊಬ್ಬಳ ಆತ್ಮವನ್ನು ಸಮಾಧಾನಪಡಿಸಲು ಮರಮರಕ್ಕೂ ಹಳೆಯ ಗೊಂಬೆ ಕಟ್ಟಿದನೆಂಬ ಕಥೆಯ ಜಾಗ ಅದು. ಆತ 2001ರಲ್ಲಿ ತೀರಿಕೊಂಡ. ಅಸಲಿ ದ್ವೀಪ ದೂರವಿದೆ, ಹೋಗಿ ಬರಲು ಅರ್ಧ ದಿನ ಬೇಕು. ಹತ್ತಿರದಲ್ಲೇ ಗೊಂಬೆ ನೇತುಹಾಕಿದ ನಕಲಿ ಜಾಗಗಳಿವೆ, ‘ಅದೇ ಇದು’ ಎಂದು ತೋರಿಸಿದರೆ ನಂಬಬೇಡಿ.

ಹುಟ್ಟುಹಬ್ಬಕ್ಕೆ ಹೋಗುವವರು ಇನ್ನೊಂದು ಏರ್ಪಾಡು ಮಾಡಿಕೊಳ್ಳಬಹುದು. ದೋಣಿಯ ಮುಂಭಾಗದಲ್ಲಿ ಕಮಾನಿನಂಥ ಹಲಗೆಯ ಮೇಲೆ ಲುಪಿತ, ಮಾರ್ಗರಿತ ಎಂಬಂಥ ಹೆಣ್ಣುಹೆಸರುಗಳು ದೊಡ್ಡದಾಗಿ ಬರೆದಿರುತ್ತವೆ. ಹಿಂದೆ ಇವನ್ನು ತಾಜಾ ಹೂವಿನಿಂದಲೇ ಕಟ್ಟುತ್ತಿದ್ದರು, ಈಗ ಬಹುಪಾಲು ಬಣ್ಣದ ಕೆಲಸ. ಮುಂಚೆಯೇ ಹೇಳಿ ಹಣ ಕೊಟ್ಟರೆ ನಿಮ್ಮವರ ಹೆಸರನ್ನು ಅಲ್ಲಿ ಬರೆಸಿಕೊಡುತ್ತಾರೆ.

ಊಟ ಮತ್ತು ಹಾಡು

ಬುತ್ತಿ ಕಟ್ಟಿಕೊಂಡು ಹೋಗಲು ಅಡ್ಡಿಯಿಲ್ಲ, ಅಲ್ಲಿನವರು ಮಾಡುವುದೂ ಹಾಗೆಯೇ. ಏನೂ ತರದಿದ್ದರೂ ಹಸಿದು ಕೂರಬೇಕಿಲ್ಲ, ಏಕೆಂದರೆ ಪುಟ್ಟ ದೋಣಿಗಳಲ್ಲಿ ಒಲೆಯಿಟ್ಟುಕೊಂಡ ಹೆಂಗಸರು ಪಕ್ಕಕ್ಕೇ ಬಂದು, ನಿಮ್ಮ ದೋಣಿಯ ಅಂಚನ್ನು ಕೈಯಲ್ಲಿ ಹಿಡಿದುಕೊಂಡೇ ಬಿಸಿ ಹಂಚಿನ ಮೇಲೆ ಮೆಕ್ಕೆಜೋಳದ ಹಿಟ್ಟು ತಟ್ಟುತ್ತಾರೆ. ಸಸ್ಯಾಹಾರಿಗಳು ಇಲ್ಲಿ ಎರಡು ಮೂರು ಮಾತು ಕಲಿತಿರಬೇಕು. ತ್ಲಕೋಯೊ ಎಂಬ, ಒಳಗೆ ಕಾಳಿನ ಹೂರಣವಿಟ್ಟ ದಪ್ಪ ರೊಟ್ಟಿಯೂ ಕುಂಬಳದ ಹೂವು ಅಥವಾ ಪಾಪಸುಕಳ್ಳಿಯ ಎಲೆ ಹಾಕಿ ಮಡಚಿದ ಕೆಸದಿಯ ಎಂಬ ರೊಟ್ಟಿಯೂ ನಮ್ಮ ನಾಲಿಗೆಗೆ ಒಗ್ಗುತ್ತವೆ. ಆದರೆ ಹಂದಿಕೊಬ್ಬು ಬೆರೆಸುವ ರೂಢಿಯಿರುವುದರಿಂದ ‘ಸಿನ್ ಮಾಂತೇಕ’, ಅಂದರೆ ಕೊಬ್ಬಿಲ್ಲದೆ, ಎಂದು ಕೇಳಿಯೇ ತೆಗೆದುಕೊಳ್ಳಿ. ಸುಟ್ಟ ಅಥವಾ ಬೇಯಿಸಿದ ಜೋಳದ ತೆನೆಗೆ ಮೊಟ್ಟೆಯಿಂದ ಮಾಡಿದ ಮೇಯನೇಸ್ ಬಳಿಯುತ್ತಾರೆ, ಬೇಡವಾದವರು ‘ಸಿನ್ ಮಯೊನೇಸ’ ಎನ್ನಬೇಕು. ಇನ್ನೊಂದು ವಿಚಿತ್ರ: ಈ ನಗರದಲ್ಲಿ ಕೆಸದಿಯ ಕೇಳಿದರೆ ಅದರಲ್ಲಿ ಚೀಸ್ ಇದ್ದೇ ಇರುತ್ತದೆಂಬ ಖಾತರಿಯಿಲ್ಲ. ಹೆಸರಿನಲ್ಲೇ ಚೀಸ್ ಇರುವ ತಿಂಡಿಗೆ ಚೀಸನ್ನು ಬೇರೆಯಾಗಿ ಕೇಳಬೇಕಾದ ಈ ಸಂಗತಿಯ ಬಗ್ಗೆ ಮೆಕ್ಸಿಕೊದ ಉಳಿದ ಊರಿನವರು ನಗರದವರನ್ನು ಇಂದಿಗೂ ಗೇಲಿ ಮಾಡುತ್ತಾರೆ.

ಹಾಡಿನವರೂ ದೋಣಿಯಲ್ಲೇ ಬರುತ್ತಾರೆ. ಮರಿಯಾಚಿಗಳು ಕಸೂತಿಯ ಉಡುಪು ತೊಟ್ಟು, ತುತ್ತೂರಿ, ಪಿಟೀಲು, ಗಿಟಾರ್ ಹಿಡಿದು ನಿಮ್ಮ ಪಕ್ಕದಲ್ಲೇ ಸಾಗುತ್ತಾರೆ. ಮರಿಂಬ ಬಾರಿಸುವವರು, ಅಕಾರ್ಡಿಯನ್ ನುಡಿಸುವವರು ಬೇರೆ. ಲೆಕ್ಕ ಹಾಡಿಗಿಷ್ಟು ಎಂದು. ಅವರು ಆರಂಭಿಸುವ ಮುನ್ನವೇ ಒಂದು ಹಾಡಿಗೆ ಎಷ್ಟು, ನಮಗೆ ಎಷ್ಟು ಹಾಡು ಬೇಕು ಎಂಬುದನ್ನು ಬೆರಳೆಣಿಸಿ ಹೇಳಿಬಿಡಿ. ಚಪ್ಪಾಳೆ ತಟ್ಟಿದರೆ ಇನ್ನೊಂದು ಹಾಡಿಗೆ ಒಪ್ಪಿಗೆ ಕೊಟ್ಟಂತೆ ಎಂದು ತಿಳಿಯುವವರೂ ಇದ್ದಾರೆ.

ನೀರಿನ ಮೇಲೆ

ಅಂಬಿಗ ಹುಟ್ಟು ಹಾಕುವುದಿಲ್ಲ. ಉದ್ದನೆಯ ಗಳವನ್ನು ಕಾಲುವೆಯ ತಳಕ್ಕೆ ಊರಿ, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ದೋಣಿಯನ್ನು ದೂಡುತ್ತಾನೆ, ಆಮೇಲೆ ಕೆಸರಿನಿಂದ ಅದನ್ನು ಕಿತ್ತು ಮತ್ತೆ ಊರುತ್ತಾನೆ. ಮಾರುಕಟ್ಟೆಯಂಥ ಕಾಲುವೆ ಹಿಂದಾದ ಮೇಲೆ ಆ ಗಳ ನೀರಿನಿಂದ ಮೇಲೇಳುವ ಸದ್ದು ಮಾತ್ರ ಕೇಳುತ್ತದೆ. ಹೊಲದ ಪಕ್ಕ ನಿಲ್ಲಿಸಿ ಕೇಳಿದರೆ ಕೆಲವು ರೈತರು ಸಸಿಮಡಿ ತೋರಿಸುತ್ತಾರೆ. ಕಾಲುವೆಯ ತಳದ ಕೆಸರನ್ನು ಎತ್ತಿ ನೆಲದ ಮೇಲೆ ಹರಡಿ, ಅದು ಅರ್ಧ ಆರಿದಾಗ ಬರ್ಫಿ ಕತ್ತರಿಸಿದಂತೆ ಚೌಕ ಚೌಕವಾಗಿ ಗೀಚಿ, ಒಂದೊಂದು ಚೌಕದಲ್ಲೂ ಬೆರಳಿನಿಂದ ಗುಳಿ ಮಾಡಿ ಬೀಜ ಹಾಕಿರುತ್ತಾರೆ. ಈ ಚೌಕಕ್ಕೆ ಚಪೀನ್ ಎಂದು ಹೆಸರು. ಸಸಿ ಬಂದ ಮೇಲೆ ಮಣ್ಣಿನ ತುಂಡಿನ ಸಮೇತ ಎತ್ತಿ ನೆಡುವುದರಿಂದ ಬೇರಿಗೆ ಪೆಟ್ಟಾಗುವುದಿಲ್ಲ. ಭತ್ತದ ಸಸಿಮಡಿ ಕಂಡವರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ.

ಇಲ್ಲಿನ ನೀರಿಗೆ ಕೈ ಅದ್ದದಿರುವುದು ಲೇಸು. ಊರಿನ ಬುಗ್ಗೆಗಳ ನೀರನ್ನು ಇಪ್ಪತ್ತನೆಯ ಶತಮಾನದ ಆರಂಭದಿಂದ ನಗರದ ಕುಡಿಯುವ ನೀರಿಗೆಂದು ಸೆಳೆದುಕೊಂಡದ್ದರಿಂದ ಕಾಲುವೆಗಳು ಬತ್ತತೊಡಗಿ, ಈಗ ಬಹುಮಟ್ಟಿಗೆ ಸಂಸ್ಕರಿಸಿದ ಕೊಳಚೆನೀರೇ ಅವುಗಳನ್ನು ತುಂಬಿಡುತ್ತಿದೆ. ಹೊರಗಿನಿಂದ ತಂದುಬಿಟ್ಟ ಕಾರ್ಪ್, ತಿಲಾಪಿಯ ಮೀನುಗಳೂ ಸೇರಿಕೊಂಡು, ಈ ನೀರಿನ ಮೂಲನಿವಾಸಿಯಾದ ಅಹೊಲೋತೆ ಎಂಬ ಕಿವಿರು ಉಳ್ಳ ಸಾಲಮ್ಯಾಂಡರ್ (ಹಲ್ಲಿಯಾಕಾರದ ಉಭಯವಾಸಿ) ಕಾಣೆಯಾಗುವ ಹಂತಕ್ಕೆ ಬಂದಿದೆ. 1998ರ ಗಣತಿಯಲ್ಲಿ ಚದರ ಕಿಲೊಮೀಟರಿಗೆ 6,000 ಇದ್ದದ್ದು 2014ರಲ್ಲಿ 36ಕ್ಕೆ ಇಳಿದಿತ್ತು. ಕಾಲುವೆಯಲ್ಲಿ ಅದು ನಿಮ್ಮ ಕಣ್ಣಿಗೆ ಬೀಳುವುದಿಲ್ಲ, ಸಾಕಿ ಉಳಿಸುತ್ತಿರುವ ಚಿನಾಂಪಗಳಲ್ಲಿ ತೊಟ್ಟಿಯೊಳಗೆ ನೋಡಬಹುದು. ಅದೂ ಆಗದಿದ್ದರೆ 2021ರಿಂದ ಚಲಾವಣೆಯಲ್ಲಿರುವ 50 ಪೆಸೊ ನೋಟನ್ನು ಮಕ್ಕಳ ಕೈಗೆ ಕೊಡಿ, ಅದರ ಮೇಲೆ ಅಹೊಲೋತೆಯೂ ಚಿನಾಂಪವೂ ಇವೆ.

ಸುರಕ್ಷತೆಯ ವಿಷಯದಲ್ಲಿ ಒಂದೇ ನಿಯಮವನ್ನು ಬಿಗಿಯಾಗಿ ಹಿಡಿದರೆ ಸಾಕು: ನಡುನೀರಿನಲ್ಲಿ ಒಂದು ದೋಣಿಯಿಂದ ಇನ್ನೊಂದಕ್ಕೆ ದಾಟಬಾರದು. 2019ರ ಸೆಪ್ಟೆಂಬರಿನಲ್ಲಿ ಯುವಕನೊಬ್ಬ ಹಾಗೆ ದಾಟಲು ಹೋಗಿ ಬಿದ್ದು ಪ್ರಾಣ ಕಳೆದುಕೊಂಡ ಮೇಲೆ ಮದ್ಯದ ಪ್ರಮಾಣಕ್ಕೆ ಮಿತಿ, ಜೀವರಕ್ಷಕ ಕವಚ ಮುಂತಾದ ಕಟ್ಟುಪಾಡುಗಳು ಬಂದವು. ಮಕ್ಕಳಿಗೆ ಕವಚವನ್ನು ಕೇಳಿ ಪಡೆಯಿರಿ. ದೋಣಿಯಲ್ಲಿ ಶೌಚಾಲಯ ಇರುವುದಿಲ್ಲ. ದಡದಲ್ಲಿ ಅಲ್ಲಲ್ಲಿ ಇರುವ ಕಡೆ ಕೆಲವು ಪೆಸೊ ಕೊಟ್ಟು ಹೋಗಬೇಕು, ಅದಕ್ಕಾಗಿಯೇ ಚಿಲ್ಲರೆ ನಾಣ್ಯಗಳನ್ನು ಬೇರೆಯಾಗಿ ಇಟ್ಟುಕೊಳ್ಳಿ.

ಕಟ್ಟೆ ಹತ್ತಿರವಾದಾಗ ದೋಣಿಗಳು ಮತ್ತೆ ಒತ್ತೊತ್ತಾಗುತ್ತವೆ. ಅವಸರಪಟ್ಟು ಮುಂದಕ್ಕೆ ಹೋಗಿ ನಿಲ್ಲದೆ, ಅಂಬಿಗ ಹಗ್ಗ ಕಟ್ಟಿ ಕೈ ಚಾಚುವವರೆಗೂ ಕೂತಿರಿ. ಬಾಡಿಗೆಯ ಹಣ ಬಹಳ ಸಲ ಕಟ್ಟೆಯ ಲೆಕ್ಕಕ್ಕೆ ಹೋಗುವುದರಿಂದ ಅಂಬಿಗನಿಗೆ ಭಕ್ಷೀಸನ್ನು ಪ್ರತ್ಯೇಕವಾಗಿ, ಅವನ ಕೈಗೇ ಕೊಡಬೇಕು. ನಾವು ಇಳಿದು ಹಿಂತಿರುಗಿ ನೋಡುವಷ್ಟರಲ್ಲಿ ನಮ್ಮ ಅಂಬಿಗ ಮೇಜಿನ ಮೇಲಿನ ಜೋಳದ ದಿಂಡುಗಳನ್ನೆಲ್ಲ ಗುಡಿಸಿ, ಕುರ್ಚಿಗಳನ್ನು ನೇರ ಮಾಡಿ, ಕೇಕಿನ ಡಬ್ಬಿ ಹಿಡಿದು ಕಾಯುತ್ತಿದ್ದ ಮುಂದಿನ ಗುಂಪಿನ ಅಜ್ಜಿಗೆ ಕೈ ಕೊಟ್ಟು ಹತ್ತಿಸಿಕೊಳ್ಳುತ್ತಿದ್ದ.