ಹುಳಿಯಲ್ಲಿ ಬೇಳೆ ಎಷ್ಟಿದೆ, ಮೊದಲು ಅದನ್ನು ನೋಡಿ

ಹೋದ ವರ್ಷ ನನ್ನ ಸೊಸೆ ತೂಕ ಇಳಿಸಬೇಕು ಅಂತ ಅನ್ನ ಪೂರ್ತಿ ಬಿಟ್ಟಳು. ಬೆಳಿಗ್ಗೆ ಹಣ್ಣು, ಮಧ್ಯಾಹ್ನ ಸೌತೆಕಾಯಿ, ಕ್ಯಾರೆಟ್, ರಾತ್ರಿ ಒಂದು ಬಟ್ಟಲು ತಿಳಿಸಾರು. ಎರಡು ತಿಂಗಳಲ್ಲಿ ಆರು ಕೆಜಿ ಇಳಿಯಿತು, ನಿಜ. ಆದರೆ ಬಾಚಣಿಗೆ ತುಂಬ ಕೂದಲು. ಹನುಮಂತನಗರದಲ್ಲಿ ನಮ್ಮ ಮನೆ ಎರಡನೇ ಮಹಡಿಯಲ್ಲಿದೆ. ತರಕಾರಿ ಚೀಲ ಹಿಡಿದು ಬಂದರೆ ಅರ್ಧ ಮೆಟ್ಟಿಲು ಹತ್ತಿ ಅಲ್ಲೇ ಕೂತುಬಿಡುತ್ತಿದ್ದಳು. ಮೂರನೇ ತಿಂಗಳು ಹಸಿವು ತಡೆಯಲಾಗದೆ ಹಳೇ ಊಟಕ್ಕೆ ಬಂದಳು. ಬಿಟ್ಟುಹೋದ ತೂಕವೂ ಬಂತು.

ಆಗ ನಾನು ಹೇಳಿದೆ, "ನೀನು ಅನ್ನ ಬಿಟ್ಟಿದ್ದಕ್ಕಿಂತ ಬೇಳೆಕಾಳು ಬಿಟ್ಟಿದ್ದೇ ತಪ್ಪಾಯ್ತಮ್ಮ." ಅವಳು ಒಪ್ಪಲಿಲ್ಲ. "ಅತ್ತೆ, ನಮ್ಮನೇಲಿ ದಿನಾ ಹುಳಿ ಮಾಡ್ತೀವಲ್ಲ. ಪ್ರೋಟೀನ್ ಯಾವತ್ತೂ ಕಡಿಮೆ ಆಗಿಲ್ಲ" ಅಂದಳು. ಸರಿ, ಅಳೆದೇ ನೋಡೋಣ ಅಂತ ತಕ್ಕಡಿ ತೆಗೆದೆ. ನಾನು ದಿನಾ ಕುಕ್ಕರಿಗೆ ಹಾಕುವ ಸಣ್ಣ ಲೋಟದ ತೊಗರಿಬೇಳೆಯನ್ನು ತಟ್ಟೆಗೆ ಸುರಿದೆ. 60 ಗ್ರಾಂ ತೋರಿಸಿತು. ತೊಗರಿಬೇಳೆಯಲ್ಲಿ ನೂರಕ್ಕೆ ಸುಮಾರು 22 ಗ್ರಾಂ ಪ್ರೋಟೀನ್. ಅಂದರೆ ಇಡೀ ಪಾತ್ರೆ ಹುಳಿಗೆ 13 ಗ್ರಾಂ. ನಾವು ನಾಲ್ಕು ಜನ. ಒಬ್ಬೊಬ್ಬರ ತಟ್ಟೆಗೆ ಬಿದ್ದಿದ್ದು ಮೂರು ಗ್ರಾಂ ಚಿಲ್ಲರೆ. ನಲವತ್ತು ವರ್ಷ ಅಡುಗೆ ಮಾಡಿದವಳು ನಾನು, ಅವತ್ತು ಆ ಲೆಕ್ಕ ನೋಡಿ ಸುಮ್ಮನೆ ನಿಂತುಬಿಟ್ಟೆ.

ಆರೋಗ್ಯವಾಗಿರುವ ದೊಡ್ಡವರಿಗೆ ದಿನಕ್ಕೆ ದೇಹತೂಕದ ಪ್ರತಿ ಕೆಜಿಗೆ 0.83 ಗ್ರಾಂ ಪ್ರೋಟೀನ್ ಬೇಕು ಅಂತ ನಮ್ಮ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಹೇಳುತ್ತದೆ. 65 ಕೆಜಿ ಇರುವವರಿಗೆ 54 ಗ್ರಾಂ ಆಯಿತು. ತೂಕ ಇಳಿಸುವಾಗ ಇದಕ್ಕಿಂತ ಸ್ವಲ್ಪ ಜಾಸ್ತಿಯೇ ಬೇಕು, 65ರಿಂದ 75 ಗ್ರಾಂ ಇಟ್ಟುಕೊಳ್ಳಿ. ಕಾರಣ ಇಷ್ಟೇ: ಊಟ ಕಡಿಮೆಯಾದಾಗ ಮೈ ಬರೀ ಕೊಬ್ಬನ್ನು ಕರಗಿಸುವುದಿಲ್ಲ, ಮಾಂಸಖಂಡವನ್ನೂ ಕರಗಿಸುತ್ತದೆ. ತಟ್ಟೆಯಲ್ಲಿ ಪ್ರೋಟೀನ್ ಇದ್ದು, ಕೈಕಾಲಿಗೆ ಭಾರದ ಕೆಲಸವೂ ಇದ್ದರೆ ಮಾಂಸಖಂಡ ಉಳಿಯುತ್ತದೆ. ಇಲ್ಲದಿದ್ದರೆ ತಕ್ಕಡಿಯಲ್ಲಿ ಅಂಕಿ ಇಳಿಯುತ್ತದೆ, ಮೆಟ್ಟಿಲು ಹತ್ತುವ ಶಕ್ತಿಯೂ ಇಳಿಯುತ್ತದೆ. ಇನ್ನೊಂದು ಲಾಭ, ಬೇಳೆಕಾಳು ತಿಂದ ಹೊಟ್ಟೆ ಬೇಗ ಹಸಿಯುವುದಿಲ್ಲ.

ಪೂರ್ತಿ ಲೆಕ್ಕ ಒಮ್ಮೆ ಹೇಳಿಬಿಡುತ್ತೇನೆ. ಒಂದು ಗ್ರಾಂ ಪ್ರೋಟೀನಿಗೆ 4 ಕ್ಯಾಲೊರಿ, ಒಂದು ಗ್ರಾಂ ಕಾರ್ಬೋಹೈಡ್ರೇಟಿಗೂ 4, ಒಂದು ಗ್ರಾಂ ಕೊಬ್ಬಿಗೆ 9. ನನ್ನ ಸೊಸೆಯ ಹಾಗೆ ದಿನವಿಡೀ ಕೂತು ಕೆಲಸ ಮಾಡುವ ಹೆಣ್ಣುಮಕ್ಕಳಿಗೆ 1500 ಕ್ಯಾಲೊರಿ ಅಂತ ಹಿಡಿಯೋಣ. ಪ್ರೋಟೀನ್ 70 ಗ್ರಾಂ ಅಂದರೆ 280. ಕೊಬ್ಬು 45 ಗ್ರಾಂ ಅಂದರೆ 405. ಉಳಿದದ್ದು ಸುಮಾರು 800, ಅಂದರೆ 200 ಗ್ರಾಂ ಕಾರ್ಬೋಹೈಡ್ರೇಟ್. ನೋಡಿದಿರಾ, ಅನ್ನಕ್ಕೂ ಮುದ್ದೆಗೂ ಇಷ್ಟು ಜಾಗ ಇದ್ದೇ ಇದೆ. ಬೇಳೆ, ಹಾಲು, ಹಣ್ಣು, ತರಕಾರಿಯ ಪಾಲು ಕಳೆದರೂ ದಿನಕ್ಕೆ 150 ಗ್ರಾಂನಷ್ಟು ಅಕ್ಕಿಯೋ ರಾಗಿಯೋ ಹಿಡಿಸುತ್ತದೆ. ಅನ್ನ ಬಿಟ್ಟು ಅಳುವ ಅಗತ್ಯ ಯಾರಿಗೂ ಇಲ್ಲ. ಗಂಡಸರಿಗೆ, ಓಡಾಡಿ ಕೆಲಸ ಮಾಡುವವರಿಗೆ ಈ ಅಂಕಿಗಳು ಏರುತ್ತವೆ.

ಈಗ ಅಡುಗೆಮನೆಗೆ ಬನ್ನಿ. ನಮ್ಮ ಹುಳಿಗೆ ಈಗ 160 ಗ್ರಾಂ ಬೇಳೆ ಹಾಕುತ್ತೇನೆ. ಒಬ್ಬೊಬ್ಬರಿಗೆ 9 ಗ್ರಾಂ ಹತ್ತಿರ ಪ್ರೋಟೀನ್ ಸಿಗುತ್ತದೆ. ಹುಳಿ ಗಟ್ಟಿಯಾಗುತ್ತದೆ, ಅನ್ನ ತಾನಾಗಿ ಕಡಿಮೆ ಸಾಕಾಗುತ್ತದೆ. ತೆಳ್ಳಗಿನ ಸಾರಿಗೆ ಅನ್ನ ಎಷ್ಟಿದ್ದರೂ ಸಾಲದು, ಅಲ್ವಾ? ಬಸ್ಸಾರು ಮಾಡುವವರು ಒಂದು ವಿಷಯ ಗಮನಿಸಿ. ಕಟ್ಟು ಬಸಿದು ಸಾರು ಮಾಡುತ್ತೀರಿ, ಕಾಳು ಸೊಪ್ಪು ಪಲ್ಯಕ್ಕೆ ಹೋಗುತ್ತದೆ. ಪ್ರೋಟೀನ್ ಬಹುಪಾಲು ಆ ಪಲ್ಯದಲ್ಲೇ ಉಳಿದಿರುತ್ತದೆ. ಪಲ್ಯವನ್ನು ನೆಂಚಿಕೊಳ್ಳುವುದಕ್ಕೆ ಒಂದು ಚಮಚ ಹಾಕಿಕೊಂಡು, ಬರೀ ಸಾರಿನಲ್ಲಿ ಎರಡು ಮುದ್ದೆ ನುಂಗಿದರೆ ಏನು ಬಂತು? ಒಂದು ಮುದ್ದೆ, ದೊಡ್ಡ ಬಟ್ಟಲು ಪಲ್ಯ, ಹೀಗೆ ತಿರುಗಿಸಿ.

ಮುದ್ದೆ ವಿಷಯ ಬಂತು. ರಾಗಿ ತಿಂದರೆ ತೂಕ ಇಳಿಯುತ್ತೆ ಅಂತ ಬಹಳ ಜನ ನಂಬಿದ್ದಾರೆ. ರಾಗಿ ಒಳ್ಳೆಯದು, ನಾನೇ ದಿನಾ ತಿನ್ನುತ್ತೇನೆ. ನಾರು ಜಾಸ್ತಿ, ಕ್ಯಾಲ್ಸಿಯಂ ನೂರು ಗ್ರಾಂಗೆ 350 ಮಿಲಿಗ್ರಾಂ ಹತ್ತಿರ. ಆದರೆ ಕ್ಯಾಲೊರಿಯಲ್ಲಿ ಅಕ್ಕಿಗಿಂತ ಹೆಚ್ಚೇನೂ ಕಡಿಮೆ ಇಲ್ಲ, ಪ್ರೋಟೀನ್ ನೂರಕ್ಕೆ 7 ಗ್ರಾಂ ಅಷ್ಟೇ. ಮುದ್ದೆಯ ಜೊತೆ ಏನಿದೆ ಅನ್ನುವುದೇ ಮುಖ್ಯ. ಮೊಳಕೆ ಹುರುಳಿ ಸಾರು ಇದ್ದರೆ ಅದಕ್ಕಿಂತ ಒಳ್ಳೆ ಜೋಡಿ ಇಲ್ಲ. ಹುರುಳಿಯಲ್ಲೂ ನೂರಕ್ಕೆ 22 ಗ್ರಾಂ ಪ್ರೋಟೀನ್ ಇದೆ.

ಬೆಂಗಳೂರಿನವರಿಗೆ ಕಷ್ಟ ಇರುವುದು ಬೆಳಗಿನ ತಿಂಡಿಯಲ್ಲಿ. ಉಪ್ಪಿಟ್ಟು, ಅವಲಕ್ಕಿ, ಚಿತ್ರಾನ್ನ, ದೋಸೆ, ಎಲ್ಲವೂ ಹಿಟ್ಟು ಮತ್ತು ಎಣ್ಣೆ. ಲಾಲ್‌ಬಾಗಿನಲ್ಲಿ ಒಂದು ಗಂಟೆ ನಡೆದು, ಬರುವಾಗ ದರ್ಶಿನಿಯಲ್ಲಿ ಬೆಣ್ಣೆದೋಸೆ ತಿಂದರೆ ನಡೆದದ್ದೆಲ್ಲ ಅಲ್ಲೇ ಮುಗಿಯುತ್ತದೆ. ಮನೆಯಲ್ಲಿ ವಾರಕ್ಕೆ ಮೂರು ದಿನ ಹೆಸರುಕಾಳಿನ ದೋಸೆ ಮಾಡಿ. ಒಂದು ಲೋಟ ಹೆಸರುಕಾಳು, ಎರಡು ಚಮಚ ಅಕ್ಕಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಶುಂಠಿ, ಹಸಿಮೆಣಸಿನಕಾಯಿ, ಜೀರಿಗೆ ಹಾಕಿ ರುಬ್ಬಿ ಹಾಗೇ ಹುಯ್ಯಿರಿ. ಹುದುಗು ಬರುವುದಕ್ಕೆ ಕಾಯಬೇಕಿಲ್ಲ. ಮೇಲೆ ಈರುಳ್ಳಿ, ಕ್ಯಾರೆಟ್ ತುರಿ ಉದುರಿಸಿ. ಚಟ್ನಿಗೆ ಕಾಯಿತುರಿ ಅರ್ಧ ಮಾಡಿ, ಹುರಿಗಡಲೆ ಎರಡರಷ್ಟು ಹಾಕಿ. ರುಚಿ ಕೆಡುವುದಿಲ್ಲ, ಒಗ್ಗರಣೆಗೆ ಇಂಗು ಮರೆಯಬೇಡಿ. ಉಪ್ಪಿಟ್ಟೇ ಬೇಕು ಅಂದರೆ ರವೆಯಷ್ಟೇ ತರಕಾರಿ, ಒಂದು ಹಿಡಿ ಮೊಳಕೆಕಾಳು, ಪಕ್ಕಕ್ಕೆ ಬಟ್ಟಲು ಮೊಸರು.

ನಮ್ಮ ಹಬ್ಬದ ಊಟದಲ್ಲಿ ಎಲೆಗೆ ಮೊದಲು ಬರುವುದು ಕೋಸಂಬರಿ, ಪಲ್ಯ. ಅನ್ನ ಆಮೇಲೆ. ದಿನದ ಊಟಕ್ಕೂ ಅದೇ ಕ್ರಮ ಇಟ್ಟುಕೊಳ್ಳಿ. ತರಕಾರಿ, ಕಾಳು ಮೊದಲು ಹೊಟ್ಟೆಗೆ ಹೋಗಿ ಅನ್ನ ನಂತರ ಹೋದರೆ ರಕ್ತದಲ್ಲಿ ಸಕ್ಕರೆ ಏರುವುದು ನಿಧಾನವಾಗುತ್ತದೆ. ಕೋಸಂಬರಿಗೆ ಹೆಸರುಬೇಳೆ ಧಾರಾಳವಾಗಿ ಹಾಕಿ, ಸೌತೆಕಾಯಿ ಮಧ್ಯೆ ಬೇಳೆ ಹುಡುಕುವ ಹಾಗಿರಬಾರದು.

ಎಣ್ಣೆಯದು ಇನ್ನೊಂದು ಕಥೆ. ನಾನು ಮೊದಲು ಕ್ಯಾನಿನಿಂದಲೇ ಬಾಣಲೆಗೆ ಬಗ್ಗಿಸುತ್ತಿದ್ದೆ. ಒಂದು ದಿನ ಹಾಗೆ ಬಗ್ಗಿಸಿದ್ದನ್ನು ಬಟ್ಟಲಿಗೆ ಹಾಕಿ ಚಮಚದಲ್ಲಿ ಎಣಿಸಿದೆ. ಒಂದು ಬೀನ್ಸ್ ಪಲ್ಯಕ್ಕೆ ಒಂಬತ್ತು ಟೀ ಚಮಚ! ಒಂದು ಟೀ ಚಮಚಕ್ಕೆ 40 ಕ್ಯಾಲೊರಿ. ಈಗ ಪ್ಯಾಕೆಟ್ ಒಡೆದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ. ಒಬ್ಬರಿಗೆ ತಿಂಗಳಿಗೆ ಒಂದು ಲೀಟರ್ ಖರ್ಚಾದರೆ ದಿನಕ್ಕೆ 30 ಗ್ರಾಂ, ಅಂದರೆ 270 ಕ್ಯಾಲೊರಿ. ಅರ್ಧ ಲೀಟರಿಗೆ ಇಳಿಸಿದರೆ ಯಾವ ತ್ಯಾಗವೂ ಇಲ್ಲದೆ ದಿನಕ್ಕೆ 135 ಉಳಿಯುತ್ತದೆ. ಮುಚ್ಚಳ ಮುಚ್ಚಿ ಬೇಯಿಸಿ, ಒಗ್ಗರಣೆ ಕೊನೆಗೆ ಒಂದೇ ಚಮಚದಲ್ಲಿ ಕೊಡಿ. ಘಮ ಮೇಲೆ ನಿಲ್ಲುತ್ತದೆ. ಹಾಗಂತ ಎಣ್ಣೆ ಪೂರ್ತಿ ಬಿಡಬೇಡಿ. ಎ, ಡಿ, ಇ, ಕೆ ವಿಟಮಿನ್‌ಗಳು ಕೊಬ್ಬಿನ ಜೊತೆಗೇ ಮೈಗೆ ಹತ್ತುವುದು. ಬಿಸಿ ಅನ್ನಕ್ಕೆ ಒಂದು ಚಮಚ ತುಪ್ಪ ಹಾಕಿಕೊಳ್ಳಿ, ಅದನ್ನೂ ಲೆಕ್ಕದಲ್ಲಿ ಸೇರಿಸಿ.

ಕಡಲೆಕಾಯಿಯನ್ನು ಪ್ರೋಟೀನ್ ಅಂತ ಮುಷ್ಟಿಗಟ್ಟಲೆ ತಿನ್ನುವವರಿದ್ದಾರೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿ ಪರಿಷೆಗೆ ನಾವೂ ಹೋಗುತ್ತೇವೆ, ಸೇರುಗಟ್ಟಲೆ ತರುತ್ತೇವೆ. ಆದರೆ ಬೀಜದಲ್ಲಿ ಪ್ರೋಟೀನ್ ಕಾಲುಭಾಗವಾದರೆ ಕೊಬ್ಬು ಹತ್ತಿರ ಹತ್ತಿರ ಅರ್ಧ. ದಿನಕ್ಕೆ ಒಂದು ಸಣ್ಣ ಹಿಡಿ, 30 ಗ್ರಾಂ ಸಾಕು. ಪನೀರಿಗೂ ಇದೇ ಮಾತು. ಸೋಯಾ ಚಂಕ್ಸ್‌ನಲ್ಲಿ ಮಾತ್ರ ಕೊಬ್ಬು ಬಹಳ ಕಡಿಮೆ, 30 ಗ್ರಾಂಗೆ 15 ಗ್ರಾಂ ಪ್ರೋಟೀನ್. ಬಿಸಿನೀರಲ್ಲಿ ನೆನೆಸಿ, ಎರಡು ಸಲ ಹಿಂಡಿ ವಾಂಗಿಬಾತಿಗೆ ಸೇರಿಸಿದರೆ ಮಕ್ಕಳೂ ತಿನ್ನುತ್ತಾರೆ. ನಮ್ಮ ಮನೆಯಲ್ಲಿ ಮೊಟ್ಟೆ, ಮಾಂಸ ಇಲ್ಲ. ತಿನ್ನುವವರಿಗೆ ಇನ್ನೂ ಸುಲಭ. ಒಂದು ಮೊಟ್ಟೆಗೆ 6 ಗ್ರಾಂ, ಚರ್ಮ ತೆಗೆದ ಕೋಳಿ ನೂರು ಗ್ರಾಂಗೆ 20ಕ್ಕೂ ಮೇಲೆ.

ಎರಡು ಎಚ್ಚರಿಕೆ. ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಪ್ರೋಟೀನ್ ಏರಿಸಬಾರದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಅನ್ನ ಒಮ್ಮೆಲೇ ಇಳಿಸಿದರೆ ಶುಗರ್ ಕುಸಿದು ತಲೆ ಸುತ್ತಬಹುದು. ಅವರೂ ಮೊದಲು ಕೇಳಿಕೊಳ್ಳಲಿ.

ಸೊಸೆ ಈಗ ತಕ್ಕಡಿ ಹತ್ತುವುದು ತಿಂಗಳಿಗೆ ಎರಡೇ ಸಲ. ಅದಕ್ಕಿಂತ ಟೇಪು ಹಿಡಿದು ಸೊಂಟ ಅಳೆಯುತ್ತಾಳೆ. ನಮ್ಮ ಕಡೆಯ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90ರ ಒಳಗಿರಬೇಕು. ಎಂಟು ತಿಂಗಳಲ್ಲಿ ಐದು ಕೆಜಿ ಇಳಿದಿದ್ದಾಳೆ, ನಿಧಾನವೇ. ಆದರೆ ಅನ್ನ ತಿಂದುಕೊಂಡೇ ಇಳಿದಿದ್ದಾಳೆ, ತರಕಾರಿ ಚೀಲ ಹಿಡಿದು ನಿಲ್ಲದೆ ಮೇಲೆ ಬರುತ್ತಾಳೆ.

ಕಾಳು ಜಾಸ್ತಿ ಮಾಡಿದ ಮೊದಲ ವಾರ ಹೊಟ್ಟೆ ಉಬ್ಬರಿಸುತ್ತದೆ, ಹೆದರಬೇಡಿ. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಬೇಯಿಸಿ, ಶುಂಠಿ ಇಂಗು ಹಾಕಿ. ಹುರುಳಿಯನ್ನು ಬಟ್ಟೆಯಲ್ಲಿ ಕಟ್ಟಿ ಸಣ್ಣ ಮೊಳಕೆ ಬಂದ ಮೇಲೆ ಬಳಸಿ. ಮೊದಲ ವಾರ ಅರ್ಧ ಬಟ್ಟಲು, ಹೊಟ್ಟೆ ಒಗ್ಗಿದ ಮೇಲೆ ಒಂದು ಬಟ್ಟಲು.