ಪುಟ್ಟ ಮಕ್ಕಳೊಂದಿಗೆ ಆಟ, ಬೇಕಿಂಗ್ ಮತ್ತು ಒಂದು ದಿನದ ಸುತ್ತಾಟ

ಎರಡರಿಂದ ಆರು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ರಜೆಯ ದಿನಕ್ಕೆ ಒಂದೇ ಒಂದು ಮುಖ್ಯ ಕೆಲಸವನ್ನು ಇಟ್ಟುಕೊಳ್ಳಬೇಕು. ಬೆಳಿಗ್ಗೆ ಬಿಸ್ಕತ್ತು ಮಾಡುವುದೆಂದು ನಿಶ್ಚಯಿಸಿದರೆ ಅಂದು ದೂರದ ಸುತ್ತಾಟವನ್ನು ಸೇರಿಸಬಾರದು. ಸುತ್ತಾಟಕ್ಕೆ ಹೊರಡುವ ದಿನ ಮನೆಯಲ್ಲಿ ಬಣ್ಣದ ಡಬ್ಬಿಗಳನ್ನು ತೆರೆಯಬಾರದು. ಹೀಗೆ ಬಿಡುವು ಉಳಿಸಿಕೊಂಡಾಗ ಮಾತ್ರ, ಮಗು ಒಂದು ಹಿಡಿ ಹಿಟ್ಟನ್ನು ಹತ್ತು ನಿಮಿಷ ಕಲಸುತ್ತಾ ಕುಳಿತರೂ, ದಾರಿಯಲ್ಲಿ ಇರುವೆ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತುಬಿಟ್ಟರೂ ಹಿರಿಯರು ಅವಸರಪಡಿಸದೆ ಇರಬಲ್ಲರು. ಇನ್ನೊಂದು ಮಾತು, ಆರಿಸಿಕೊಂಡ ಆ ಕೆಲಸದಲ್ಲಿ ಮಗುವಿಗೆ ನಿಜವಾದ ಪಾಲು ಸಿಗಬೇಕು. ಎಲ್ಲವನ್ನೂ ತಾವೇ ಮುಗಿಸಿ ಕೊನೆಗೆ ಮಗುವಿನ ಕೈಗೆ ಚಮಚ ಕೊಟ್ಟರೆ ಅದು ಹೆಸರಿಗಷ್ಟೇ ಕೊಟ್ಟ ಕೆಲಸವೆಂಬುದು ಮಗುವಿಗೆ ತಿಳಿದುಬಿಡುತ್ತದೆ. ಸಿದ್ಧತೆಯ ಭಾರವನ್ನು ಹಿರಿಯರು ಮೊದಲೇ ಹೊತ್ತು, ಮಾಡುವ ಸಂತೋಷವನ್ನು ಮಗುವಿಗೆ ಬಿಟ್ಟುಕೊಡುವ ಕ್ರಮವನ್ನೇ ಇಲ್ಲಿ ವಿವರಿಸಲಾಗಿದೆ.

ಮನೆಯೊಳಗಿನ ಆಟ

ಆಟಕ್ಕೆ ಹೆಚ್ಚು ಸಾಮಾನು ಬೇಕೆಂಬ ನಂಬಿಕೆಯನ್ನು ಮೊದಲು ಬಿಡಬೇಕು. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಪುಟ್ಟ ಮಕ್ಕಳಿಗೆ ಒಮ್ಮೆ 4 ಆಟಿಕೆಗಳನ್ನೂ ಮತ್ತೊಮ್ಮೆ 16 ಆಟಿಕೆಗಳನ್ನೂ ಕೊಟ್ಟು ನೋಡಿದಾಗ, ಆಟಿಕೆಗಳು ಕಡಿಮೆ ಇದ್ದಾಗಲೇ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಗಳಲ್ಲಿ ಆಡಿದ್ದು ಕಂಡುಬಂತು. ಆದ್ದರಿಂದ ನಾಲ್ಕೈದು ಆಟಿಕೆಗಳನ್ನು ಮಾತ್ರ ಹೊರಗಿಟ್ಟು, ಉಳಿದವುಗಳನ್ನು ಕಣ್ಣಿಗೆ ಬೀಳದಂತೆ ಕಪಾಟಿನಲ್ಲಿರಿಸಿ, ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಅದಲುಬದಲು ಮಾಡಬಹುದು. ಅವುಗಳ ಜೊತೆಗೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ, ಒಂದು ಹಳೆಯ ಹಾಸು, ಬಟ್ಟೆಗೆ ಸಿಕ್ಕಿಸುವ ಕೆಲವು ಕ್ಲಿಪ್ಪುಗಳು ಇದ್ದರೆ ಸಾಕು. ಎರಡು ಕುರ್ಚಿಗಳ ನಡುವೆ ಹಾಸನ್ನು ಇಳಿಬಿಟ್ಟು ಗುಡಾರ ಕಟ್ಟುವಾಗ ಹಿರಿಯರು ಕುರ್ಚಿಗಳನ್ನು ಅಲುಗಾಡದಂತೆ ನಿಲ್ಲಿಸಿಕೊಡಲಿ. ಒಳಗೆ ಏನು ಇರಬೇಕು, ಅದು ಮನೆಯೋ ಹಡಗೋ ಎಂಬುದನ್ನು ಮಗುವೇ ತೀರ್ಮಾನಿಸಲಿ.

ನಾದಿ ಆಡುವ ಹಿಟ್ಟನ್ನು ಮನೆಯಲ್ಲೇ ಮಾಡಬಹುದು. ಎರಡು ಕಪ್ ಮೈದಾ, ಒಂದು ಕಪ್ ಪುಡಿ ಉಪ್ಪು ಮತ್ತು ಒಂದು ದೊಡ್ಡ ಚಮಚ ಎಣ್ಣೆಯನ್ನು ಬೆರೆಸಿ, ಬೆಚ್ಚಗಿನ ನೀರನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತಾ ನಾದಬೇಕು. ಮುಕ್ಕಾಲು ಕಪ್ ನೀರಾದ ಮೇಲೆ ನಿಧಾನಿಸುವುದು ಒಳ್ಳೆಯದು, ಏಕೆಂದರೆ ಹಿಟ್ಟು ಹೀರುವ ನೀರಿನ ಪ್ರಮಾಣ ಒಂದೊಂದು ಚೀಲಕ್ಕೆ ಒಂದೊಂದು ರೀತಿ ಇರುತ್ತದೆ. ಕೈಗೆ ಅಂಟುವುದು ನಿಂತಾಗ ಹದ ಬಂದಿತೆಂದು ತಿಳಿಯಬಹುದು. ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಅದು ಹಲವು ದಿನ ಮೆತ್ತಗಿರುತ್ತದೆ. ಅಷ್ಟೊಂದು ಉಪ್ಪಿರುವ ಹಿಟ್ಟನ್ನು ನುಂಗಿದರೆ ಅಪಾಯ, ಮನೆಯಲ್ಲಿ ನಾಯಿ ಇದ್ದರೆ ಅದಕ್ಕೂ ಅಪಾಯ. ಆದ್ದರಿಂದ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸು ದಾಟಿದ ಮೇಲೆಯೇ ಇದನ್ನು ಕೊಡಬೇಕು.

ಮೂರು ವರ್ಷದೊಳಗಿನ ಮಗುವಿರುವ ಕೋಣೆಯಲ್ಲಿ, ಟಾಯ್ಲೆಟ್ ಪೇಪರ್ ಸುರುಳಿಯ ಒಳಗಿನ ರಟ್ಟಿನ ಕೊಳವೆಯಲ್ಲಿ ತೂರಿಹೋಗುವಷ್ಟು ಚಿಕ್ಕ ವಸ್ತು ಯಾವುದೂ ನೆಲದ ಮೇಲೆ ಇರಬಾರದು. ಗುಂಡಿಯಾಕಾರದ ಪುಟ್ಟ ಬ್ಯಾಟರಿಯ ವಿಷಯದಲ್ಲಂತೂ ಯಾವ ಸಡಿಲಿಕೆಯೂ ಸಲ್ಲದು. ನುಂಗಿದ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೇ ಒಳಗಿನ ಪದರವನ್ನು ಸುಡಬಲ್ಲದು; ನುಂಗಿರಬಹುದೆಂಬ ಸಂಶಯ ಬಂದ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಬೇರೆಬೇರೆ ವಯಸ್ಸಿನ ಮಕ್ಕಳನ್ನು ಕೂಡಿಸಿದಾಗ ಅವರು ಒಟ್ಟಿಗೆ ಆಡುತ್ತಿಲ್ಲವೆಂದು ಬೇಸರಿಸಬೇಕಾಗಿಲ್ಲ. ಮಿಲ್ಡ್ರೆಡ್ ಪಾರ್ಟನ್ ಎಂಬ ಸಂಶೋಧಕಿ 1932ರಲ್ಲೇ ಮಕ್ಕಳ ಆಟದ ಬಗೆಗಳನ್ನು ಗುರುತಿಸುತ್ತಾ, ಪಕ್ಕಪಕ್ಕದಲ್ಲಿ ಕುಳಿತು ತಮ್ಮ ಪಾಡಿಗೆ ತಾವು ಆಡುವುದನ್ನೂ ಒಂದು ಬಗೆಯೆಂದು ವಿವರಿಸಿದ್ದರು. ಎರಡು ಮೂರು ವರ್ಷದವರಿಗೆ ಅದೇ ಸಹಜವಾದ ಸಹವಾಸ. ಎರಡು ತಟ್ಟೆ, ಎರಡು ಉಂಡೆ ಹಿಟ್ಟು, ಎರಡು ಚಿಕ್ಕ ಲಟ್ಟಣಿಗೆಗಳನ್ನು ಕೊಟ್ಟರೆ ಅರ್ಧ ಜಗಳ ಅಲ್ಲಿಗೇ ತಪ್ಪುತ್ತದೆ.

ಮಕ್ಕಳ ಕೈಯ ಬಿಸ್ಕತ್ತು

ಬೇಕಿಂಗ್ ಕಲಿಸಲು ಕೇಕಿಗಿಂತ ಬಿಸ್ಕತ್ತಿನಿಂದ ಆರಂಭಿಸುವುದು ಮೇಲು. ಕೇಕಿನ ಹಿಟ್ಟನ್ನು ಕಲಸಿದ ಮೇಲೆ ಬೇಗ ಓವನ್ನಿಗೆ ಸೇರಿಸಬೇಕು, ಅಳತೆ ತಪ್ಪಿದರೆ ಅದು ಉಬ್ಬುವುದಿಲ್ಲ. ಬೆಣ್ಣೆ ಬಿಸ್ಕತ್ತಿನ ಹಿಟ್ಟಾದರೋ ಮಗುವಿನ ನಿಧಾನವನ್ನು ಸಹಿಸಿಕೊಳ್ಳುತ್ತದೆ. ಇದರ ಅಳತೆಯನ್ನು ನೆನಪಿಡುವುದೂ ಸುಲಭ: ತೂಕದಲ್ಲಿ ಒಂದು ಪಾಲು ಸಕ್ಕರೆ, ಎರಡು ಪಾಲು ಬೆಣ್ಣೆ, ಮೂರು ಪಾಲು ಮೈದಾ. ಅಂದರೆ 50 ಗ್ರಾಂ ಪುಡಿ ಸಕ್ಕರೆ, 100 ಗ್ರಾಂ ಬೆಣ್ಣೆ, 150 ಗ್ರಾಂ ಮೈದಾ ಮತ್ತು ಒಂದು ಚಿಟಿಕೆ ಉಪ್ಪು. ಮೊಟ್ಟೆಯಾಗಲಿ ಬೇಕಿಂಗ್ ಪೌಡರ್ ಆಗಲಿ ಬೇಕಿಲ್ಲ.

ಮಗುವನ್ನು ಕರೆಯುವ ಮುನ್ನ ಹಿರಿಯರು ಬೆಣ್ಣೆಯನ್ನು ಫ್ರಿಜ್ಜಿನಿಂದ ತೆಗೆದು ಬೆರಳು ಒತ್ತಿದರೆ ಅಚ್ಚು ಮೂಡುವಷ್ಟು ಮೆತ್ತಗಾಗಲು ಬಿಡಬೇಕು, ಮೇಜಿನ ಮೇಲೆ ಒದ್ದೆ ಬಟ್ಟೆ ಹಾಸಿ ಅದರ ಮೇಲೆ ಪಾತ್ರೆ ಇಡಬೇಕು. ಒದ್ದೆ ಬಟ್ಟೆಯ ಮೇಲಿನ ಪಾತ್ರೆ ಎಷ್ಟು ಜೋರಾಗಿ ಕಲಸಿದರೂ ಜಾರುವುದಿಲ್ಲ. ಎರಡು ವರ್ಷದ ಮಗುವಿಗೆ, ಮೊದಲೇ ತೂಗಿ ಚಿಕ್ಕ ಬಟ್ಟಲುಗಳಲ್ಲಿ ಇಟ್ಟದ್ದನ್ನು ಪಾತ್ರೆಗೆ ಸುರಿಯುವುದೇ ದೊಡ್ಡ ಕೆಲಸ. ಮೂರು ನಾಲ್ಕು ವರ್ಷದವರು ಜರಡಿ ಹಿಡಿಯಬಲ್ಲರು, ಕಲಸಬಲ್ಲರು, ಅಚ್ಚು ಒತ್ತಬಲ್ಲರು. ಐದಾರು ವರ್ಷದವರಿಗೆ ತೂಕದ ಯಂತ್ರವನ್ನೇ ಒಪ್ಪಿಸಿ, 150 ಎಂಬ ಅಂಕಿ ಕಾಣಿಸಿದ ಕೂಡಲೇ ನಿಲ್ಲಿಸಬೇಕೆಂದು ಹೇಳಿದರೆ ಅವರು ಅಚ್ಚರಿಯಾಗುವಷ್ಟು ಗಮನವಿಟ್ಟು ಹಿಟ್ಟು ಸುರಿಯುತ್ತಾರೆ.

ಬೆಣ್ಣೆ ಮತ್ತು ಸಕ್ಕರೆಯನ್ನು ಚೆನ್ನಾಗಿ ಬೆರೆಸಿ, ಮೈದಾ ಮತ್ತು ಉಪ್ಪನ್ನು ಸೇರಿಸಿ, ಎಲ್ಲವೂ ಒಂದು ಮುದ್ದೆಯಾಗಿ ಕೂಡಿಕೊಳ್ಳುವವರೆಗೆ ಮಾತ್ರ ಕೈಯಾಡಿಸಬೇಕು. ಹೆಚ್ಚು ನಾದಿದಷ್ಟೂ ಹಿಟ್ಟಿನಲ್ಲಿ ಗ್ಲುಟೆನ್ ಎಂಬ ಅಂಟು ಬಲಿಯುತ್ತದೆ, ಬಿಸ್ಕತ್ತು ಗಡಸಾಗುತ್ತದೆ. ನಾದುವ ಆಸೆ ತೀರದ ಮಗುವಿಗೆ ಮೇಲೆ ಹೇಳಿದ ಆಟದ ಹಿಟ್ಟನ್ನು ಕೊಡುವುದೇ ಸರಿ. ಮುದ್ದೆಯನ್ನು ಎರಡು ಬೇಕಿಂಗ್ ಕಾಗದಗಳ ನಡುವೆ ಇಟ್ಟು ಸುಮಾರು ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಅಚ್ಚಿನಿಂದ ಕತ್ತರಿಸಿ, ತಟ್ಟೆಯ ಸಮೇತ 20ರಿಂದ 30 ನಿಮಿಷ ಫ್ರಿಜ್ಜಿನಲ್ಲಿಡಬೇಕು. ತಣ್ಣಗಾದ ಬೆಣ್ಣೆ ಓವನ್ನಿನಲ್ಲಿ ತಡವಾಗಿ ಕರಗುವುದರಿಂದ, ಅಷ್ಟರೊಳಗೆ ಹಿಟ್ಟು ಗಟ್ಟಿಯಾಗಿ ನಕ್ಷತ್ರ ನಕ್ಷತ್ರವಾಗಿಯೇ ಉಳಿಯುತ್ತದೆ. ಈ ಅರ್ಧ ಗಂಟೆಯನ್ನು ಮಗು ಸುಮ್ಮನೆ ಕಾಯಲಾರದು. ಸಿಂಕಿನ ಮುಂದೆ ಗಟ್ಟಿಯಾದ ಮೆಟ್ಟಿಲ ಮೇಲೆ ನಿಲ್ಲಿಸಿ, ಬೆಚ್ಚಗಿನ ನೊರೆ ನೀರಿನಲ್ಲಿ ಬಟ್ಟಲುಗಳನ್ನು ತೊಳೆಯಲು ಬಿಡಿ. ನೆಲ ಒದ್ದೆಯಾಗುತ್ತದೆಂಬುದನ್ನು ಮೊದಲೇ ಒಪ್ಪಿಕೊಂಡು ಒಂದು ಟವೆಲ್ ಹಾಸಿಕೊಂಡರಾಯಿತು. ಅಥವಾ ತಟ್ಟೆಯೊಂದರಲ್ಲಿ ಅಡುಗೆ ಸೋಡಾ ಹರಡಿ, ಚಮಚದಿಂದ ವಿನೆಗರ್ ಹನಿಸಲು ಕೊಡಿ. ಸೋಡಾ ಹುಳಿಯೊಂದಿಗೆ ಸೇರಿದಾಗ ಇಂಗಾಲದ ಡೈಆಕ್ಸೈಡ್ ಅನಿಲ ಹೊರಬಂದು ನೊರೆಯುಕ್ಕುತ್ತದೆ, ಕೇಕು ಉಬ್ಬುವುದೂ ಇಂಥದೇ ಅನಿಲದಿಂದ ಎಂದು ತೋರಿಸಿ ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗದು.

ಓವನ್ನನ್ನು ಮೊದಲೇ 170 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿಟ್ಟು, 12ರಿಂದ 15 ನಿಮಿಷ ಬೇಯಿಸಬೇಕು. ಫ್ಯಾನ್ ಇರುವ ಓವನ್ ಆದರೆ 20 ಡಿಗ್ರಿ ಕಡಿಮೆ ಮಾಡಬೇಕು. ಅಂಚು ಹೊಂಬಣ್ಣಕ್ಕೆ ತಿರುಗಿದ ಕೂಡಲೇ ತೆಗೆಯಬೇಕು. ಬಿಸಿಯಾಗಿರುವಾಗ ಬಿಸ್ಕತ್ತು ಮೆತ್ತಗಿರುತ್ತದೆ, ಬೆಂದಿಲ್ಲವೆಂದು ಮತ್ತೆ ಒಳಗಿಡುವುದು ಬೇಡ, ಆರಿದಂತೆ ಗರಿಗರಿಯಾಗುತ್ತದೆ. ಮಗು ಮಾಡಿದ ಸೊಟ್ಟ ಆಕಾರಗಳನ್ನು ತಿದ್ದಲು ಹೋಗಬೇಡಿ. ದಪ್ಪವನ್ನು ಮಾತ್ರ ಗಮನಿಸಿ, ತೆಳುವಾದವುಗಳನ್ನು ಬೇರೆ ತಟ್ಟೆಯಲ್ಲಿಟ್ಟು ಬೇಗ ಹೊರತೆಗೆಯಿರಿ. ತಾನು ಒತ್ತಿದ ಬಿಸ್ಕತ್ತು ಯಾವುದೆಂದು ಮಗು ಖಂಡಿತ ಗುರುತಿಸುತ್ತದೆ, ಅದು ಕಪ್ಪಾಗಿ ಬಂದರೆ ಆಗುವ ದುಃಖ ದೊಡ್ಡದು.

ಓವನ್ನಿನ ಮುಂದೆ ಒಂದು ಮೀಟರ್ ದೂರದಲ್ಲಿ ನೆಲಕ್ಕೆ ಬಣ್ಣದ ಟೇಪ್ ಅಂಟಿಸಿ, ಅದನ್ನು ದಾಟುವುದು ಹಿರಿಯರು ಮಾತ್ರ ಎಂಬ ನಿಯಮ ಮಾಡಿದರೆ ಮಕ್ಕಳು ಅದನ್ನು ಶ್ರದ್ಧೆಯಿಂದ ಪಾಲಿಸುತ್ತಾರೆ. ಹಸಿ ಹಿಟ್ಟನ್ನು ನೆಕ್ಕಲು ಬಿಡಬಾರದು. ಮೊಟ್ಟೆ ಹಾಕಿಲ್ಲವಾದರೂ ಮೈದಾ ಬೇಯಿಸದ ಪದಾರ್ಥವೇ, ಅದರಲ್ಲಿ ಸಾಲ್ಮೊನೆಲ್ಲಾ, ಇ. ಕೋಲಿಯಂಥ ರೋಗಾಣುಗಳು ಇರಬಹುದು. ಕಲಸಿದ ಮೇಲೆ ಕೈಯನ್ನು ಸೋಪಿನಿಂದ ತೊಳೆಯುವುದು ಈ ಕೆಲಸದ ಭಾಗವೇ ಆಗಲಿ. ಐದು ವರ್ಷದೊಳಗಿನವರಿಗೆ ಇಡಿಯ ಬಾದಾಮಿ, ಗೋಡಂಬಿಗಳನ್ನು ಮೇಲೆ ಅಲಂಕರಿಸಿ ಕೊಡಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವಿದೆ. ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪ ಯಾವ ರೂಪದಲ್ಲೂ ಬೇಡ. ಬೇರೆಯವರ ಮಕ್ಕಳೂ ಸೇರುವುದಾದರೆ ಹಾಲು, ಗೋಧಿ, ಬೀಜಗಳ ಅಲರ್ಜಿ ಇದೆಯೇ ಎಂದು ಅವರ ತಂದೆತಾಯಿಯನ್ನು ಮೊದಲೇ ಕೇಳಬೇಕು.

ಒಂದು ದಿನದ ಸುತ್ತಾಟ

ಹೋಗುವ ಜಾಗವನ್ನು ಆರಿಸುವಾಗ ಅಲ್ಲಿನ ಆಕರ್ಷಣೆಗಿಂತ ಮೊದಲು ಶೌಚಾಲಯ, ನೆರಳು ಮತ್ತು ಓಡಾಡಲು ಬಯಲು ಇವೆಯೇ ಎಂದು ವಿಚಾರಿಸಬೇಕು. ಪ್ರಯಾಣ ಒಂದು ಕಡೆಗೆ ಒಂದು ಗಂಟೆ ಮೀರದಿರಲಿ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯ ಪ್ರಕಾರ ಮೂರು ನಾಲ್ಕು ವರ್ಷದ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, 180 ನಿಮಿಷ ಮೈ ಆಡಿಸುವ ಚಟುವಟಿಕೆಯೂ ಬೇಕು. ಬೆಳಿಗ್ಗೆ ಬೇಗ ಹೊರಟು, ನಡೆದಾಡಿ, ಬುತ್ತಿ ಉಂಡು, ಹಗಲು ನಿದ್ದೆಯ ಹೊತ್ತಿಗೆ ಮರಳುವ ದಾರಿಯಲ್ಲಿರುವಂತೆ ಹೊಂದಿಸಿಕೊಂಡರೆ ಇವೆರಡೂ ಕೂಡಿಬರುತ್ತವೆ.

ಚೀಲದಲ್ಲಿ ನೀರು, ಎರಡು ಬಾರಿಗಾಗುವಷ್ಟು ತಿನಿಸು, ಒಂದು ಪೂರ್ತಿ ಜೊತೆ ಬಟ್ಟೆ, ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ಚೀಲ, ಟೋಪಿ, ಪ್ಲಾಸ್ಟರ್ ಪಟ್ಟಿ ಇರಲಿ. ತನ್ನ ನೀರಿನ ಬಾಟಲಿಯನ್ನು ಮಗು ತಾನೇ ಹೊರಲಿ. ದ್ರಾಕ್ಷಿ ಒಯ್ಯುವುದಾದರೆ ಉದ್ದುದ್ದವಾಗಿ ನಾಲ್ಕು ಹೋಳು ಮಾಡಿರಬೇಕು. ಎರಡರಿಂದ ಹನ್ನೆರಡು ವರ್ಷದವರಲ್ಲಿ ಪ್ರಯಾಣದ ವಾಕರಿಕೆ ಸಾಮಾನ್ಯ; ವಾಹನದಲ್ಲಿ ಪುಸ್ತಕ, ಮೊಬೈಲ್ ಕೊಡದೆ ದೂರದ ಮರ, ಬೆಟ್ಟಗಳನ್ನು ನೋಡುವ ಆಟ ಆಡಿಸಿದರೆ ಅದು ಕಡಿಮೆಯಾಗುತ್ತದೆ.

ವಸ್ತು ಸಂಗ್ರಹಾಲಯಕ್ಕೋ ಪ್ರಾಣಿ ಸಂಗ್ರಹಾಲಯಕ್ಕೋ ಹೋದರೆ ಎಲ್ಲವನ್ನೂ ತೋರಿಸುವ ಹಂಬಲವನ್ನು ಬಿಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಮೂರು ವಸ್ತುಗಳನ್ನೋ ಮೂರು ಪ್ರಾಣಿಗಳನ್ನೋ ಮೊದಲೇ ಮಗುವಿನ ಜೊತೆ ಕುಳಿತು ಆರಿಸಿ, ಅವುಗಳ ಮುಂದೆ ಅದಕ್ಕೆ ಬೇಕಾದಷ್ಟು ಹೊತ್ತು ನಿಲ್ಲಬೇಕು. ಉದ್ಯಾನದಲ್ಲಾದರೆ ನುಣುಪಾದ ಕಲ್ಲು, ಮುಳ್ಳಿನ ಅಂಚಿರುವ ಎಲೆ, ಸದ್ದು ಮಾಡುವ ಒಣಕಾಯಿ ಎಂದು ಹುಡುಕಬೇಕಾದ ವಸ್ತುಗಳ ಚಿತ್ರ ಬರೆದುಕೊಟ್ಟರೆ, ನಡೆಯಲಾರೆನೆಂದು ಹಟ ಹಿಡಿದ ಮಗುವೂ ಮುಂದೆ ಓಡುತ್ತದೆ.

ನೀರಿನ ಬಳಿ ಹಿರಿಯರೊಬ್ಬರು ಸದಾ ಕೈಗೆಟುಕುವ ದೂರದಲ್ಲಿ ಇರಬೇಕು, ಏಕೆಂದರೆ ಮುಳುಗುತ್ತಿರುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ, ಕೆಲವು ಸೆಂಟಿಮೀಟರ್ ನೀರೂ ಅಪಾಯಕ್ಕೆ ಸಾಕು. ನಿಲ್ಲಿಸಿದ ಕಾರಿನಲ್ಲಿ ಒಂದು ನಿಮಿಷಕ್ಕೂ ಮಗುವನ್ನು ಬಿಟ್ಟುಹೋಗಬಾರದು. ಬಿಸಿಲಿನಲ್ಲಿ ಅದರೊಳಗಿನ ಉಷ್ಣತೆ 10 ನಿಮಿಷದಲ್ಲೇ ಸುಮಾರು 10 ಡಿಗ್ರಿ ಏರಬಹುದು. ಜನಸಂದಣಿಯಿರುವಲ್ಲಿಗೆ ಹೋಗುವ ಮುನ್ನ ಅಂದಿನ ಉಡುಪಿನಲ್ಲೇ ಮಗುವಿನ ಫೋಟೊ ತೆಗೆದುಕೊಂಡು, ಫೋನ್ ಸಂಖ್ಯೆ ಬರೆದ ಚೀಟಿಯನ್ನು ಜೇಬಿನಲ್ಲಿಡಿ. ನಾವು ಕಾಣದಿದ್ದರೆ ಇದ್ದಲ್ಲೇ ನಿಲ್ಲಬೇಕು, ಸಮವಸ್ತ್ರದ ಸಿಬ್ಬಂದಿಯನ್ನೋ ಮಕ್ಕಳೊಂದಿಗಿರುವ ತಾಯಿಯನ್ನೋ ಕೇಳಬೇಕು ಎಂದು ಹೇಳಿಕೊಡಿ.

ಹೊರಡುವ ಹೊತ್ತಾದಾಗ ‘ಇನ್ನು ಐದು ನಿಮಿಷ’ ಎಂದರೆ ಪುಟ್ಟ ಮಗುವಿಗೆ ಅರ್ಥವಾಗುವುದಿಲ್ಲ. ‘ಇನ್ನು ಎರಡು ಸಲ ಜಾರು, ಆಮೇಲೆ ಚಪ್ಪಲಿ ಹಾಕಿಕೊಳ್ಳೋಣ’ ಎಂದು ಎಣಿಸಬಹುದಾದ ಮಾತಿನಲ್ಲಿ ಹೇಳಿ, ಹೇಳಿದಂತೆಯೇ ನಡೆದುಕೊಳ್ಳಿ. ರಾತ್ರಿಯ ಊಟವನ್ನು ಹೊರಡುವ ಮುನ್ನವೇ ಸಿದ್ಧಮಾಡಿ ಇಟ್ಟಿರಬೇಕು, ಏಕೆಂದರೆ ದಣಿದ ಮಕ್ಕಳ ಹಸಿವು ಮನೆಯ ಬಾಗಿಲಲ್ಲೇ ಕೆರಳುತ್ತದೆ. ಸಂಜೆ ವಾಹನದಲ್ಲಿ ಮಗು ನಿದ್ದೆ ಹೋದರೆ ಅಂದಿನ ರಾತ್ರಿ ಮಲಗುವುದು ತಡವಾಗುವುದು ಸಹಜ, ಅದಕ್ಕಾಗಿ ಗದರಿಸದೆ ಮರುದಿನದ ಬೆಳಗ್ಗೆಗೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ.