ಹಳೆಯ ಡಿಐ ಪಿಕಪ್: ನಿಂತಲ್ಲಿ ಮಿಸ್ಸಿಂಗ್, ಲೋಡ್‌ನಲ್ಲಿ ಎಳೆತ ಇಲ್ಲ – ನಾನು ಹುಡುಕಿದ ಬಗೆ

ಗಾಡಿ ಹಳೆಯ ಡಿಐ (ಡೀಸೆಲ್ಲನ್ನು ನೇರವಾಗಿ ಸಿಲಿಂಡರಿಗೇ ಸಿಂಪಡಿಸುವ) ಟರ್ಬೋ ಪಿಕಪ್. ಎರಡೂವರೆ ಲೀಟರ್‌ನ ನಾಲ್ಕು ಸಿಲಿಂಡರ್ ಡೀಸೆಲ್ ಇಂಜಿನ್, ಇಂಜೆಕ್ಟರ್‌ಗಳಿಗೆ ಡೀಸೆಲ್ ಒತ್ತಿ ಕಳಿಸಲು ಮೆಕ್ಯಾನಿಕಲ್ ರೋಟರಿ ಪಂಪ್. ಇಸಿಎಂ (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇಲ್ಲ, ಸೆನ್ಸರ್ ಇಲ್ಲ, ಆದ್ದರಿಂದ ಸ್ಕ್ಯಾನರ್ ಹಾಕಿ ಕೋಡ್ ಓದುವ ಮಾತೇ ಇಲ್ಲ. ದೂರು ಎರಡು. ಐಡ್ಲಿಂಗ್‌ನಲ್ಲಿ (ನಿಂತಲ್ಲೇ ಇಂಜಿನ್ ಓಡುವಾಗ) ಬಾನೆಟ್ ನಡುಗುವಷ್ಟು ಮಿಸ್ಸಿಂಗ್, ಅಂದರೆ ಸಿಲಿಂಡರ್ ಸರಿಯಾಗಿ ಉರಿಯದೆ ತಾಳ ತಪ್ಪುವುದು. ಲೋಡ್ ಹಾಕಿಕೊಂಡು ಎರಡನೇ, ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಒಂದು ಗಳಿಗೆ ಇಂಜಿನ್ ಸತ್ತ ಹಾಗಾಗಿ, ಆಮೇಲೆ ಎಳೆಯುವುದು. ಇಂಥ ಗಾಡಿ ಬಂದ ಕೂಡಲೇ ‘ಪಂಪ್ ಹೋಗಿದೆ, ಇಳಿಸೋಣ’ ಅಂದುಬಿಡುವುದು ಸುಲಭ. ಪಂಪ್ ಇಳಿಸಿ ಕ್ಯಾಲಿಬ್ರೇಷನ್‌ಗೆ ಕಳಿಸುವುದನ್ನು ನಾನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಎರಡು ದೂರಿಗೂ ಕಾರಣ ಒಂದೇ ಇರಬೇಕು ಅಂತಲೂ ಇಲ್ಲ. ಈ ಗಾಡಿಯಲ್ಲಿ ಸಿಕ್ಕಿದ್ದು ಮೂರು ಕಾರಣ, ಮೂರೂ ಪಂಪಿನ ಹೊರಗೆ.

ಮೊದಲು ಸೈಲೆನ್ಸರ್ ಬಾಯಿಯ ಹತ್ತಿರ ನಿಂತು ಕೇಳಬೇಕು. 800 ಆರ್‌ಪಿಎಂನಲ್ಲಿ ಒಂದೊಂದು ಸಿಲಿಂಡರ್ ನಿಮಿಷಕ್ಕೆ 400 ಸಲ, ಅಂದರೆ ಸೆಕೆಂಡಿಗೆ ಆರೇಳು ಸಲ ಉರಿಯುತ್ತದೆ. ಒಂದು ಸಿಲಿಂಡರ್ ಕೆಲಸ ಮಾಡದಿದ್ದರೆ ತಾಳ ತಪ್ಪುವುದೂ ಒಂದೇ ಲಯದಲ್ಲಿ ಇರುತ್ತದೆ. ಹಾಗಲ್ಲದೆ ಆರ್‌ಪಿಎಂ ತಾನಾಗಿ ಏರುತ್ತ ಇಳಿಯುತ್ತ ಇದ್ದರೆ ಡೀಸೆಲ್ ಲೈನಿನಲ್ಲಿ ಗಾಳಿ ಇರುವ ಸಂಶಯ ಹೆಚ್ಚು. ಸೈಲೆನ್ಸರ್ ಸದ್ದು ಸಮನಾಗಿದ್ದು ಕ್ಯಾಬಿನ್ ಮಾತ್ರ ಅಲುಗುತ್ತಿದ್ದರೆ ಇಂಜಿನ್ ಮೌಂಟಿಂಗ್ ನೋಡಿ. ರಬ್ಬರ್ ಬಿಟ್ಟುಹೋದ ಮೌಂಟಿಂಗನ್ನು ಹಾಗೇ ಬಿಟ್ಟು ಇಂಜೆಕ್ಟರಿನ ನೋಜಲ್‌ಗೆ (ಡೀಸೆಲ್ ಸಿಂಪಡಿಸುವ ತುದಿಗೆ) ದುಡ್ಡು ಸುರಿದ ಗಾಡಿಗಳು ಕಡಿಮೆಯಿಲ್ಲ. ಈ ಗಾಡಿಯಲ್ಲಿ ಎರಡು ಬಗೆಯ ಸದ್ದೂ ಇತ್ತು: ಲಯವಾಗಿ ಒಂದು ಮಿಸ್, ಅದರ ಮೇಲೆ ಆಗಾಗ ಆರ್‌ಪಿಎಂ ಕುಸಿತ.

ಆಮೇಲೆ ಏರಿನಲ್ಲಿ ಒಂದು ರೌಂಡ್. ಮೂರನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿ, ಹಿಂದೆ ಏನು ಹೊಗೆ ಬರುತ್ತದೆ ಅಂತ ಮತ್ತೊಬ್ಬರು ನೋಡಬೇಕು. ಎಳೆತ ಇಲ್ಲ, ಕಪ್ಪು ಹೊಗೆ ದಟ್ಟವಾಗಿದೆ ಅಂದರೆ ಡೀಸೆಲ್ ಬರುತ್ತಿದೆ, ಗಾಳಿ ಸಾಲುತ್ತಿಲ್ಲ: ಏರ್ ಫಿಲ್ಟರ್, ಟರ್ಬೋ, ಇಂಟರ್‌ಕೂಲರ್ ಹೋಸ್ ಕಡೆ ಹೋಗಬೇಕು. ಎಳೆತವೂ ಇಲ್ಲ, ಹೊಗೆಯೂ ಇಲ್ಲ ಅಂದರೆ ಡೀಸೆಲ್ಲೇ ಸಾಲುತ್ತಿಲ್ಲ. ಇಷ್ಟು ತಿಳಿದರೆ ಅರ್ಧ ದಿನದ ಬಿಚ್ಚಾಟ ಉಳಿಯುತ್ತದೆ. ಇಲ್ಲಿ ಹೊಗೆ ಇರಲಿಲ್ಲ. ಹಾಗಾಗಿ ಟ್ಯಾಂಕಿನಿಂದ ಶುರು ಮಾಡಿದೆ.

ಟ್ಯಾಂಕ್ ಮುಚ್ಚಳ ಸಡಿಲಿಸಿದಾಗ ‘ಉಸ್’ ಅಂತ ಗಾಳಿ ಒಳಗೆ ನುಗ್ಗಿದರೆ ವೆಂಟ್ (ಟ್ಯಾಂಕಿಗೆ ಗಾಳಿ ಬರುವ ರಂಧ್ರ) ಕಟ್ಟಿದೆ ಅಂತ ಅರ್ಥ. ಅದು ಸರಿ ಇತ್ತು. ಡೀಸೆಲ್ ಫಿಲ್ಟರಿನ ಕೆಳಗಿನ ಡ್ರೈನ್ ಸಡಿಲಿಸಿ ಒಂದು ಲೋಟದಷ್ಟನ್ನು ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಬಿಟ್ಟೆ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಇಲ್ಲಿ ನೀರು ಕಾಣಲಿಲ್ಲ, ಕಸ ಸ್ವಲ್ಪ ಇತ್ತು. ಫಿಲ್ಟರ್ ಹೇಗೂ ಹಳೆಯದು, ಬದಲಾಯಿಸಿದೆ. ಫಿಲ್ಟರ್ ಬದಲಾಯಿಸಿದ ಮಾತ್ರಕ್ಕೆ ಗಾಡಿ ಒಂದೆರಡು ದಿನ ಚೆನ್ನಾಗಿ ಓಡಿ ಮತ್ತೆ ಹಳೆಯ ಹಾಡು ಶುರುವಾದರೆ ಟ್ಯಾಂಕಿನೊಳಗಿನ ಜಾಲರಿ ನೋಡಬೇಕು.

ಮುಂದಿನದು ಪಾರದರ್ಶಕ ಪೈಪಿನ ಪರೀಕ್ಷೆ. ಫಿಲ್ಟರಿನಿಂದ ಪಂಪಿಗೆ ಬರುವ ಹೋಸ್ ತೆಗೆದು ಅದೇ ಅಳತೆಯ, ಸಾಮಾನ್ಯವಾಗಿ ಒಳವ್ಯಾಸ 8 ಮಿ.ಮೀ. ಇರುವ, ಪಾರದರ್ಶಕ ಪ್ಲಾಸ್ಟಿಕ್ ಪೈಪನ್ನು ಒಂದಡಿಯಷ್ಟು ಹಾಕಿ ಎರಡೂ ಕಡೆ ಕ್ಲಿಪ್ ಬಿಗಿ ಮಾಡಿ. ಇಂಜಿನ್ ಶುರು ಮಾಡಿ ಮೊದಲು ಬರುವ ಗುಳ್ಳೆ ಹೋಗಲಿ, ಎರಡು ನಿಮಿಷ ಬಿಡಿ. ಆಮೇಲೂ ಸೋಡಾ ಬಾಟಲಿಯ ಹಾಗೆ ಸಣ್ಣ ಗುಳ್ಳೆ ಬರುತ್ತಲೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ರೇಸ್ ಕೊಟ್ಟು ನೋಡುವುದನ್ನು ಮರೆಯಬಾರದು, ಐಡ್ಲಿಂಗ್‌ನಲ್ಲಿ ಕಾಣದ ಗುಳ್ಳೆ 2500 ಆರ್‌ಪಿಎಂನಲ್ಲಿ ಕಾಣುತ್ತದೆ. ಈ ಪೈಪ್ ಪರೀಕ್ಷೆಗೆ ಮಾತ್ರ. ಡೀಸೆಲ್‌ಗೆ ಅದು ಕೆಲವೇ ದಿನಗಳಲ್ಲಿ ಗಟ್ಟಿಯಾಗಿ ಸೀಳುತ್ತದೆ, ಗಾಡಿಯಲ್ಲೇ ಬಿಟ್ಟರೆ ಹೊಸ ಕಾಯಿಲೆ.

ಗುಳ್ಳೆ ಬಂತು. ಹೊರಗೆ ಎಲ್ಲೂ ಒಂದು ಹನಿ ಡೀಸೆಲ್ ಒಸರಿರಲಿಲ್ಲ, ಇದರಲ್ಲಿ ಆಶ್ಚರ್ಯವಿಲ್ಲ. ಬೇರೆ ಫೀಡ್ ಪಂಪ್ ಇಲ್ಲದ ಇಂಥ ಗಾಡಿಯಲ್ಲಿ ರೋಟರಿ ಪಂಪಿನೊಳಗಿನ ವೇನ್ ಪಂಪೇ ಟ್ಯಾಂಕಿನಿಂದ ಡೀಸೆಲ್ ಎಳೆಯುತ್ತದೆ. ಹೀಗಾಗಿ ಇಂಜಿನ್ ಓಡುವಾಗ ಟ್ಯಾಂಕಿನಿಂದ ಪಂಪಿನವರೆಗಿನ ಲೈನಿನಲ್ಲಿ ಒತ್ತಡ ಹೊರಗಿಗಿಂತ ಕಡಿಮೆ. ಬಿರುಕಿದ್ದರೆ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಗಾಳಿ ಹೋದಾಗ ಪಂಪಿನ ಒಳ ಒತ್ತಡ ಇಳಿಯುತ್ತದೆ. ಆ ಒತ್ತಡದಿಂದಲೇ ಟೈಮಿಂಗ್ ಅಡ್ವಾನ್ಸ್ ಪಿಸ್ಟನ್ (ರೇಸ್ ಏರಿದಂತೆ ಡೀಸೆಲ್ ಬೇಗ ಸಿಂಪಡಿಸುವಂತೆ ಮಾಡುವ ಭಾಗ) ಸರಿಯಬೇಕಾದ್ದರಿಂದ ರೇಸ್ ಏರಿದಾಗ ಟೈಮಿಂಗ್ ಹಿಂದೆ ಬೀಳುತ್ತದೆ, ಎಳೆತ ಕೈಕೊಡುತ್ತದೆ.

ಎಲ್ಲಿಂದ ಗಾಳಿ ಎಂದು ಹುಡುಕುವುದಕ್ಕೆ ನನ್ನ ಮೆಚ್ಚಿನ ದಾರಿ ಕ್ಯಾನ್. ಐದು ಲೀಟರ್ ಕ್ಯಾನಿನಲ್ಲಿ ಶುದ್ಧ ಡೀಸೆಲ್ ತುಂಬಿ, ಪಂಪಿನ ಇನ್‌ಲೆಟ್‌ಗೆ ನೇರವಾಗಿ ಹೋಸ್ ಕೊಟ್ಟು, ಹೆಚ್ಚಾದ ಡೀಸೆಲ್ ವಾಪಸ್ ಹೋಗುವ ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ಬಿಟ್ಟು ಓಡಿಸುವುದು. ಕ್ಯಾನ್ ಅಲುಗದಂತೆ, ಸೈಲೆನ್ಸರ್ ಮತ್ತು ಫ್ಯಾನಿನಿಂದ ದೂರ ಕಟ್ಟಿ. ಗುಳ್ಳೆ ನಿಂತು ಆರ್‌ಪಿಎಂ ಸ್ಥಿರವಾದರೆ ದೋಷ ಪಂಪಿಗೆ ಬರುವ ಲೈನಿನಲ್ಲಿ. ಆಮೇಲೆ ಒಂದೊಂದೇ ತುಂಡನ್ನು ಮತ್ತೆ ಸೇರಿಸುತ್ತ ಹೋಗಬೇಕು: ಮೊದಲು ಫಿಲ್ಟರ್, ಆಮೇಲೆ ಫಿಲ್ಟರ್‌ವರೆಗಿನ ಪೈಪ್, ಕೊನೆಗೆ ಟ್ಯಾಂಕ್. ಇಲ್ಲಿ ಫಿಲ್ಟರ್ ಸೇರಿಸಿದಾಗ ಗುಳ್ಳೆ ಇಲ್ಲ, ಟ್ಯಾಂಕಿನ ಪೈಪ್ ಸೇರಿಸಿದ ಕೂಡಲೇ ಗುಳ್ಳೆ. ಚಾಸಿಯ ಕಬ್ಬಿಣದ ಪೈಪಿಗೆ ರಬ್ಬರ್ ಹೋಸ್ ಸೇರುವ ಜಾಗದಲ್ಲಿ, ಕ್ಲಿಪ್ಪಿನ ಅಡಿಯಲ್ಲೇ, ಹೋಸ್ ಕಲ್ಲಿನಂತೆ ಗಟ್ಟಿಯಾಗಿ ಉದ್ದಕ್ಕೆ ಸೀಳಿತ್ತು. ಕ್ಲಿಪ್ ಇನ್ನಷ್ಟು ಬಿಗಿ ಮಾಡಿದರೆ ಸೀಳು ಉದ್ದವಾಗುತ್ತದೆ, ಅಷ್ಟೇ. ಡೀಸೆಲ್ ಹೋಸನ್ನೇ ಹಾಕಬೇಕು, ನೀರಿನ ಪೈಪಿನ ತುಂಡು ಆಗದು. ಫಿಲ್ಟರ್ ಹೆಡ್ಡಿನ ಹ್ಯಾಂಡ್ ಪ್ರೈಮರ್ (ಕೈಯಿಂದ ಒತ್ತಿ ಡೀಸೆಲ್ ತುಂಬಿಸುವ ಸಣ್ಣ ಪಂಪು), ಗಾಳಿ ಬಿಡುವ ಬ್ಲೀಡ್ ಸ್ಕ್ರೂ ವಾಷರ್, ಬ್ಯಾಂಜೋ ಬೋಲ್ಟಿನ (ಒಳಗೆ ಡೀಸೆಲ್ ಹರಿಯುವ ಟೊಳ್ಳು ಬೋಲ್ಟಿನ) ತಾಮ್ರದ ವಾಷರ್ ಇವೂ ಇದೇ ಕೆಲಸ ಮಾಡುವ ಕಳ್ಳರು.

ಬ್ಯಾಂಜೋ ಬೋಲ್ಟ್ ಎಂದಾಗ ಒಂದು ಎಚ್ಚರಿಕೆ. ಬಾಷ್ ವಿಇ ಮಾದರಿಯ ರೋಟರಿ ಪಂಪಿನಲ್ಲಿ ಇನ್‌ಲೆಟ್ ಬೋಲ್ಟ್ ಮತ್ತು ರಿಟರ್ನ್ ಬೋಲ್ಟ್ ನೋಡಲು ಅಣ್ಣತಮ್ಮಂದಿರು, ಒಳಗೆ ಬೇರೆ. ರಿಟರ್ನ್ ಬೋಲ್ಟಿನ ತಲೆಯ ಮೇಲೆ ‘ಔಟ್’ ಎಂದಿರುತ್ತದೆ, ಒಳಗೆ ಸೂಜಿ ಮೊನೆಯಷ್ಟು ಸಣ್ಣ ರಂಧ್ರ. ಪಂಪಿನೊಳಗೆ ಒತ್ತಡ ನಿಲ್ಲಲು ಆ ರಂಧ್ರದ ಅಡ್ಡಿಯೂ ಬೇಕು. ಎರಡನ್ನೂ ಅದಲು ಬದಲು ಹಾಕಿದರೆ ಡೀಸೆಲ್ ಒಳಗೆ ಬರುವ ದಾರಿ ಕಿರಿದಾಗುತ್ತದೆ, ಹೊರಗೆ ಹೋಗುವ ದಾರಿ ಹಿರಿದಾಗುತ್ತದೆ. ಗಾಡಿ ಎಳೆಯುವುದಿಲ್ಲ, ಪಂಪ್ ಮಾತ್ರ ಬೈಸಿಕೊಳ್ಳುತ್ತದೆ. ಸರ್ವಿಸ್ ಆದ ಮರುದಿನವೇ ಎಳೆತ ಹೋದ ಗಾಡಿಯಲ್ಲಿ ನಾನು ಮೊದಲು ನೋಡುವುದು ಈ ಎರಡು ಬೋಲ್ಟ್.

ಹೋಸ್ ಬದಲಾಯಿಸಿ ಏರ್ ತೆಗೆದ ಮೇಲೆ ಆರ್‌ಪಿಎಂ ಕುಸಿತ ನಿಂತಿತು. ಏರ್ ತೆಗೆಯುವುದು ಹೀಗೆ: ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ಇಲ್ಲದ ಡೀಸೆಲ್ ಬರುವವರೆಗೆ ಹ್ಯಾಂಡ್ ಪ್ರೈಮರ್ ಒತ್ತಿ, ಡೀಸೆಲ್ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ಇಂಜಿನ್ ಹಿಡಿಯದಿದ್ದರೆ ಎರಡು ಇಂಜೆಕ್ಟರಿನ ಪೈಪ್ ನಟ್ ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಅರ್ಧ ನಿಮಿಷ ಬಿಡುವು ಕೊಡಿ, ಇಲ್ಲವಾದರೆ ಸೆಲ್ಫ್ ಮೋಟರ್ ಸುಡುತ್ತದೆ.

ಉಳಿದದ್ದು ಲಯವಾದ ಮಿಸ್. ಅದಕ್ಕೆ ನಟ್ ಸಡಿಲಿಸಿ ನೋಡುವ ಹಳೆಯ ಪದ್ಧತಿ ಸಾಕು. ಇಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿರುವಾಗ ಒಂದೊಂದೇ ಇಂಜೆಕ್ಟರಿನ ಹೈಪ್ರೆಷರ್ ಪೈಪಿನ ನಟ್ಟನ್ನು ಅರ್ಧ ಸುತ್ತಷ್ಟು ಸಡಿಲಿಸಿ, ಮತ್ತೆ ಬಿಗಿ ಮಾಡುತ್ತ ಹೋಗಬೇಕು. ಚೆನ್ನಾಗಿರುವ ಸಿಲಿಂಡರ್ ಸಡಿಲಿಸಿದರೆ ಇಂಜಿನ್ ಇನ್ನಷ್ಟು ಒದ್ದಾಡುತ್ತದೆ. ಸಡಿಲಿಸಿದರೂ ಸದ್ದು ಬದಲಾಗದ್ದೇ ಸತ್ತ ಸಿಲಿಂಡರ್. ಕನ್ನಡಕ ಹಾಕಿ, ನಟ್ ಮೇಲೆ ದಪ್ಪ ಬಟ್ಟೆ ಇಡಿ, ಬೆರಳು ಮಾತ್ರ ಹತ್ತಿರ ತರಬೇಡಿ. ಇಂಜೆಕ್ಟರ್ ತೆರೆಯುವ ಒತ್ತಡ 200 ಬಾರ್ ದಾಟುತ್ತದೆ, ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಸಣ್ಣ ಚುಕ್ಕೆ. ನೋವಿಲ್ಲ ಅಂತ ಸುಮ್ಮನಿರದೆ ಆ ಕ್ಷಣವೇ ದೊಡ್ಡಾಸ್ಪತ್ರೆಗೆ ಹೋಗಬೇಕಾದ ಗಾಯ ಅದು.

ಮೂರನೇ ಸಿಲಿಂಡರ್ ಸಡಿಲಿಸಿದಾಗ ಹೆಚ್ಚೇನೂ ಬದಲಾಗಲಿಲ್ಲ. ತಣ್ಣಗಿನ ಇಂಜಿನ್ ಶುರು ಮಾಡಿ ಒಂದು ನಿಮಿಷದೊಳಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲೂ ಆ ಪೋರ್ಟು ಉಳಿದವಕ್ಕಿಂತ ತಣ್ಣಗಿತ್ತು. ಆದರೆ ಇದರಿಂದ ಇಂಜೆಕ್ಟರ್ ಕೆಟ್ಟಿದೆ ಅಂತ ತೀರ್ಮಾನವಾಗದು. ಟ್ಯಾಪೆಟ್ (ವಾಲ್ವ್ ಗ್ಯಾಪ್), ವಾಲ್ವ್, ರಿಂಗ್ ಏನು ಬೇಕಾದರೂ ಇರಬಹುದು. ಮೂರನೆಯ ಇಂಜೆಕ್ಟರನ್ನು ಒಂದಕ್ಕೆ, ಒಂದರದ್ದನ್ನು ಮೂರಕ್ಕೆ ಹಾಕಿದೆ. ಮಿಸ್ ಒಂದನೇ ಸಿಲಿಂಡರಿಗೆ ಹೋಯಿತು. ಅಲ್ಲಿಗೆ ವಾಲ್ವ್, ರಿಂಗ್ ಬಿಚ್ಚುವ ಮಾತು ಮುಗಿಯಿತು.

ಇಂಜೆಕ್ಟರ್ ತೆಗೆಯುವಾಗ ಅಡಿಯ ತಾಮ್ರದ ವಾಷರ್ ಒಳಗೇ ಅಂಟಿಕೊಂಡಿರುತ್ತದೆ. ಅದನ್ನು ತೆಗೆಯದೆ ಮೇಲೆ ಇನ್ನೊಂದು ಹಾಕಿದರೆ ನೋಜಲ್ ತುದಿ ಮೇಲಕ್ಕೆ ಸರಿದು ಸ್ಪ್ರೇ ಪಿಸ್ಟನ್ ಬಟ್ಟಲಿಗೆ ಸರಿಯಾಗಿ ಬೀಳುವುದಿಲ್ಲ. ಪ್ರತಿ ಸಲ ಹೊಸ ವಾಷರ್, ಅದೇ ದಪ್ಪದ್ದು. ಕೂರುವ ಜಾಗದ ಮಸಿಯನ್ನು ಪೂರ್ತಿ ಕೆರೆದು ತೆಗೆಯಿರಿ, ಆಗ ರಂಧ್ರಕ್ಕೆ ಗ್ರೀಸ್ ಹಚ್ಚಿದ ಬಟ್ಟೆ ತುರುಕಿದ್ದರೆ ಪುಡಿ ಸಿಲಿಂಡರಿಗೆ ಬೀಳದು. ಇಂಜೆಕ್ಟರಿಗೆ ಒತ್ತಡ ಕೊಟ್ಟು ನೋಡುವ ಟೆಸ್ಟರ್‌ನಲ್ಲಿ ಈ ನೋಜಲ್ ತೆರೆಯುವ ಒತ್ತಡಕ್ಕೆ ಬರುವ ಮೊದಲೇ ತುದಿಯಲ್ಲಿ ಹನಿ ಕಟ್ಟುತ್ತಿತ್ತು, ಸ್ಪ್ರೇ ಒಂದು ಕಡೆಗೆ ವಾಲಿತ್ತು. ತೆರೆಯುವ ಒತ್ತಡಕ್ಕಿಂತ 20 ಬಾರ್ ಕಡಿಮೆಯಲ್ಲಿ ಹತ್ತು ಸೆಕೆಂಡ್ ಹಿಡಿದರೂ ಹನಿ ಬೀಳಬಾರದು. ನಾಲ್ಕಕ್ಕೂ ಹೊಸ ನೋಜಲ್ ಹಾಕಿಸಿ ಒಂದೇ ಒತ್ತಡಕ್ಕೆ ಸೆಟ್ ಮಾಡಿಸಿದೆ. ಒಂದೇ ಹಾಕಿದರೆ ಖರ್ಚು ಉಳಿಯುತ್ತದೆ, ಆದರೆ ಅದೇ ವಯಸ್ಸಿನ ಉಳಿದ ಮೂರು ಐಡ್ಲಿಂಗ್ ಸಮನಾಗಲು ಬಿಡುವುದಿಲ್ಲ.

ಕೈ ಹಾಕಿದ್ದಾಗಲೇ ಟ್ಯಾಪೆಟ್ ನೋಡಿದೆ. 1-3-4-2 ಫೈರಿಂಗ್ ಆರ್ಡರಿನ (ಸಿಲಿಂಡರ್‌ಗಳು ಉರಿಯುವ ಕ್ರಮದ) ಇಂಜಿನ್‌ಗೆ ನಾಲ್ಕನೆಯದು ರಾಕಿಂಗ್‌ನಲ್ಲಿದ್ದಾಗ (ಎಕ್ಸಾಸ್ಟ್ ವಾಲ್ವ್ ಮುಚ್ಚುತ್ತ, ಇನ್‌ಟೇಕ್ ವಾಲ್ವ್ ತೆರೆಯುತ್ತ ಇರುವಾಗ) ಒಂದರ ಗ್ಯಾಪ್ ನೋಡಬೇಕು, ಎರಡನೆಯದು ರಾಕಿಂಗ್‌ನಲ್ಲಿದ್ದಾಗ ಮೂರು, ಒಂದನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಎರಡು. ಗ್ಯಾಪ್ ಎಷ್ಟು, ಬಿಸಿಯಲ್ಲೋ ತಣ್ಣಗೋ ಎನ್ನುವುದನ್ನು ಆಯಾ ಇಂಜಿನ್ ಪುಸ್ತಕದಿಂದಲೇ ತೆಗೆದುಕೊಳ್ಳಿ. ಕಂಪ್ರೆಷನ್ ನೋಡಬೇಕಾಗಿ ಬಂದರೆ ಪೆಟ್ರೋಲ್ ಗಾಡಿಯ ಗೇಜ್ ಸಾಲದು, ಡಿಐ ಡೀಸೆಲ್‌ನಲ್ಲಿ 25-30 ಬಾರ್ ಬರುತ್ತದೆ.

ಈಗ ಐಡ್ಲಿಂಗ್ ಸಮನಾಯಿತು. ಲೋಡ್‌ನಲ್ಲಿ ಆ ಒಂದು ಗಳಿಗೆಯ ಸುಸ್ತು ಮಾತ್ರ ಉಳಿಯಿತು, ಈಗಲೂ ಹೊಗೆ ಇಲ್ಲ. ಟರ್ಬೋ ಗಾಡಿಯ ಪಂಪಿನ ಮೇಲೆ ಒಂದು ಡಯಾಫ್ರಮ್ ಇರುತ್ತದೆ. ಇನ್‌ಟೇಕ್ ಮ್ಯಾನಿಫೋಲ್ಡಿನಿಂದ ಸಣ್ಣ ಹೋಸಿನಲ್ಲಿ ಬೂಸ್ಟ್ (ಟರ್ಬೋ ಒತ್ತಿದ ಗಾಳಿ) ಅದರ ಮೇಲೆ ಬಂದು ಒತ್ತಿದಾಗ ಮಾತ್ರ ಪಂಪ್ ಡೀಸೆಲ್ ಹೆಚ್ಚಿಸುತ್ತದೆ. ಬೂಸ್ಟ್ ಬರದಿದ್ದರೆ ಟರ್ಬೋ ಗಾಳಿ ಕೊಟ್ಟರೂ ಡೀಸೆಲ್ ಏರದು, ಹೊಗೆಯೂ ಬಾರದು. ಹೋಸ್ ತೆಗೆದು ಬೆರಳಲ್ಲಿ ಬಗ್ಗಿಸಿದಾಗ ಒಳಮೈಯಲ್ಲಿ ಬಿರುಕು ಕಂಡಿತು. ಡಯಾಫ್ರಮ್‌ಗೆ ಹ್ಯಾಂಡ್ ಪಂಪಿನಿಂದ ಅರ್ಧ ಬಾರ್ ಕೊಟ್ಟು ನಿಲ್ಲಿಸಿದೆ, ಗೇಜಿನ ಮುಳ್ಳು ಇಳಿಯಲಿಲ್ಲ, ಅಂದರೆ ಡಯಾಫ್ರಮ್ ಗಟ್ಟಿ. ಹೋಸ್ ಒಂದನ್ನೇ ಬದಲಾಯಿಸಿದ್ದಕ್ಕೆ ಏರಿನಲ್ಲಿ ಮೂರನೇ ಗೇರ್ ಎಳೆತ ವಾಪಸ್ ಬಂತು. ಒತ್ತಿದ ಕೂಡಲೇ ತಿಳಿ ಹೊಗೆ ಬಂದು ಮಾಯವಾಗುತ್ತದೆ, ಅಷ್ಟು ಇರಬೇಕು.

ಈ ಕೆಲಸದುದ್ದಕ್ಕೂ ಪಂಪಿನ ಐಡ್ಲಿಂಗ್ ಸ್ಕ್ರೂ, ಫುಲ್ ಲೋಡ್ ಸ್ಕ್ರೂ (ಹೆಚ್ಚೆಂದರೆ ಎಷ್ಟು ಡೀಸೆಲ್ ಎಂದು ಗೊತ್ತುಮಾಡುವುದು) ಎರಡನ್ನೂ ಮುಟ್ಟಿಲ್ಲ. ಐಡ್ಲಿಂಗ್ ಏರಿಸಿ ಮಿಸ್ ಮುಚ್ಚಬಹುದು. ಫುಲ್ ಲೋಡ್ ಸ್ಕ್ರೂ ತಿರುಗಿಸಿ ಎಳೆತ ತರಬಹುದು, ಅದರ ಜತೆ ಕಪ್ಪು ಹೊಗೆ, ಪಿಸ್ಟನ್ ಬಿಸಿ, ಕುಡಿಯುವ ಡೀಸೆಲ್ ಎಲ್ಲ ಬರುತ್ತವೆ. ಪಂಪನ್ನು ಬಿಚ್ಚಲೇಬೇಕಾದರೆ ಮೊದಲು ಪಂಪ್ ಫ್ಲ್ಯಾಂಜ್ ಮತ್ತು ಇಂಜಿನ್ ಮೇಲೆ ಅಡ್ಡಕ್ಕೆ ಉಳಿಯಿಂದ ಒಂದು ಗುರುತು ಹಾಕಿಕೊಳ್ಳಿ.

ಇಷ್ಟೂ ಹೇಳಿದ್ದು ಮೆಕ್ಯಾನಿಕಲ್ ಪಂಪಿನ ಗಾಡಿಗೆ. ಕಾಮನ್ ರೈಲ್ (ಎಲ್ಲ ಇಂಜೆಕ್ಟರಿಗೂ ‘ರೈಲ್’ ಎಂಬ ಒಂದೇ ಹೈಪ್ರೆಷರ್ ಕೊಳವೆಯಿಂದ ಡೀಸೆಲ್ ಹೋಗುವ) ಪಿಕಪ್‌ನಲ್ಲಿ ಇಂಜಿನ್ ಓಡುವಾಗ ನಟ್ ಸಡಿಲಿಸುವ ಪರೀಕ್ಷೆ ಮಾಡಲೇಬಾರದು. ಅಲ್ಲಿ ರೈಲಿನ ಒತ್ತಡ ಐಡ್ಲಿಂಗ್‌ನಲ್ಲೇ ನೂರಾರು ಬಾರ್, ಲೋಡ್‌ನಲ್ಲಿ ಸಾವಿರ ದಾಟುತ್ತದೆ. ಸಿಲಿಂಡರ್ ಹುಡುಕಲು ಸ್ಕ್ಯಾನರ್‌ನಲ್ಲಿ ಒಂದೊಂದೇ ಇಂಜೆಕ್ಟರ್ ಆಫ್ ಮಾಡಿ ನೋಡಿ. ಎಲ್ಲ ಇಂಜೆಕ್ಟರಿನ ರಿಟರ್ನ್ ಡೀಸೆಲ್ಲನ್ನು ನಾಲ್ಕು ಒಂದೇ ಅಳತೆಯ ಬಾಟಲಿಗೆ ಹಿಡಿದು ಹೋಲಿಸಿದರೆ, ಹೆಚ್ಚು ತುಂಬಿದ ಬಾಟಲಿಯ ಇಂಜೆಕ್ಟರ್ ಸೋರುತ್ತಿದೆ ಎಂದು ಸ್ಕ್ಯಾನರ್ ಇಲ್ಲದೆಯೂ ತಿಳಿಯುತ್ತದೆ.